ತಕಾಚ್‌ನ ಎಡಗೈ ಸೊನ್ನೆಯಿಂದ ಶುರು ಮಾಡಲಿಲ್ಲ

ಹಂಗೇರಿಯ ಶೂಟರ್ ಕಾರೊಯ್ ತಕಾಚ್‌ನ ಕಥೆ ಒಂದಲ್ಲ ಒಂದು ರೂಪದಲ್ಲಿ ನಿಮ್ಮ ಫೋನಿಗೂ ಬಂದಿರುತ್ತದೆ. ಹಿಂದೆ ಸೂರ್ಯೋದಯದ ಚಿತ್ರ, ಮೇಲೆ ದಪ್ಪಕ್ಷರದಲ್ಲಿ 'ಛಲ'. ಬಲಗೈ ಹೋಯಿತು, ಎಡಗೈಯಲ್ಲಿ ಪಿಸ್ತೂಲು ಹಿಡಿದ, ಒಲಿಂಪಿಕ್ಸ್ ಚಿನ್ನ ಗೆದ್ದ. ಮನಸ್ಸಿದ್ದರೆ ಮಾರ್ಗ, ಕಥೆ ಮುಗಿಯಿತು. ಕೆಳಗೆ ಯಾರಾದರೂ ಒಬ್ಬರು 'ನಾವು ಮೆದುಳಿನ ಶೇಕಡಾ 10 ಮಾತ್ರ ಬಳಸುತ್ತೇವೆ, ಆತ ಉಳಿದದ್ದನ್ನೂ ಬಳಸಿದ' ಅಂತ ಒಗ್ಗರಣೆ ಹಾಕಿರುತ್ತಾರೆ. ಈ ಶೇಕಡಾ 10ರ ಮಾತು ಶುದ್ಧ ಸುಳ್ಳು. ಸುಮ್ನೆ ಕೂತಿದ್ದಾಗಲೂ ನಮ್ಮ ಮೆದುಳು ಇಡೀ ದೇಹದ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಖರ್ಚು ಮಾಡುತ್ತದೆ. ಕೆಲಸಕ್ಕೇ ಬಾರದ 90 ಭಾಗವನ್ನು ಇಷ್ಟು ದುಬಾರಿಯಾಗಿ ಸಾಕುವ ಪ್ರಾಣಿ ವಿಕಾಸದ ಓಟದಲ್ಲಿ ಎಂದೋ ಸೋತು ಹೋಗಿರುತ್ತಿತ್ತು.

ಆತನಿಗೆ ಛಲ ಇತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಛಲ ಅಂದ ಕೂಡಲೇ ನಾವು ಪ್ರಶ್ನೆ ಕೇಳೋದನ್ನೇ ಬಿಟ್ಟುಬಿಡುತ್ತೇವೆ. ಛಲ ಎಷ್ಟೇ ಇರಲಿ, ಪಿಸ್ತೂಲಿನ ನಳಿಗೆ ಒಂದು ಡಿಗ್ರಿ ಆಚೀಚೆ ಆದರೆ 25 ಮೀಟರ್ ದೂರದಲ್ಲಿ ಗುಂಡು ಸುಮಾರು 44 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಷ್ಟು ನಿಖರತೆ ಎಡಗೈಗೆ ಬಂದಿದ್ದು ಎಲ್ಲಿಂದ? ನನಗೆ ಮಜಾ ಅನ್ನಿಸುವುದು ಈ ಪ್ರಶ್ನೆ.

ಮೊದಲು ನಡೆದಿದ್ದೇನು ನೋಡೋಣ. ತಕಾಚ್ ಹುಟ್ಟಿದ್ದು 1910ರಲ್ಲಿ, ಬುಡಾಪೆಸ್ಟ್‌ನಲ್ಲಿ. ಸೈನ್ಯ ಸೇರಿದ, ಒಳ್ಳೆಯ ಶೂಟರ್ ಅನ್ನಿಸಿಕೊಂಡ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಬೇಕಿತ್ತು, ಆದರೆ ತಂಡದಲ್ಲಿ ಜಾಗ ಸಿಗಲಿಲ್ಲ. ಗುರಿ ಕಮ್ಮಿ ಅಂತಲ್ಲ, ಆತ ಬರೀ ಸಾರ್ಜೆಂಟ್ ಅಂತ! ಅಧಿಕಾರಿ ದರ್ಜೆಯವರಿಗೆ ಮಾತ್ರ ಅವಕಾಶ ಅನ್ನುವ ನಿಯಮ ಆಗ ಇತ್ತು. ನಿಯಮ ಸಡಿಲವಾಯಿತು ಅನ್ನುವಷ್ಟರಲ್ಲಿ, 1938ರ ಸೈನಿಕ ತರಬೇತಿಯಲ್ಲಿ ಒಂದು ಕೆಟ್ಟ ಗ್ರೆನೇಡ್ ಬಲಗೈಯಲ್ಲೇ ಸಿಡಿಯಿತು. ಒಂದು ತಿಂಗಳು ಆಸ್ಪತ್ರೆ. ಆಮೇಲೆ ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಶುರು ಮಾಡಿದ. 1939ರಲ್ಲಿ ಹಂಗೇರಿಯ ರಾಷ್ಟ್ರೀಯ ಪಿಸ್ತೂಲ್ ಸ್ಪರ್ಧೆಗೆ ಬಂದಾಗ, ಪಾಪ ನೋಡೋಕೆ ಬಂದಿದ್ದಾನೆ ಅಂದುಕೊಂಡು ಹಳೆಯ ಗೆಳೆಯರೆಲ್ಲ ಸಮಾಧಾನ ಹೇಳಿದರಂತೆ. ಆತ ಸ್ಪರ್ಧೆಗಿಳಿದು ಗೆದ್ದ.

ಅಂದರೆ ಹತ್ತಿರ ಹತ್ತಿರ ಒಂದು ವರ್ಷ. ಬಲಗೈ ಆ ಮಟ್ಟಕ್ಕೆ ಬರಲು ಎಷ್ಟೋ ವರ್ಷ ಹಿಡಿದಿತ್ತು. ಎಡಗೈ ಇಷ್ಟು ಬೇಗ ಹೇಗೆ ಕಲಿಯಿತು?

ಒಂದು ಪೆನ್ನು ತಗೊಂಡು, ನೀವು ಬರೆಯದ ಕೈಯಲ್ಲಿ ಸಹಿ ಹಾಕಿ ನೋಡಿ. ಗೆರೆ ನಡುಗುತ್ತದೆ, ವಕ್ರವಾಗುತ್ತದೆ, ಆದರೂ ಅದು ನಿಮ್ಮ ಸಹಿ ಅಂತ ಗೊತ್ತಾಗುತ್ತದೆ. ಅದನ್ನೇ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರೆ ಬೆರಳು ಹೆಚ್ಚೇನೂ ಕೆಲಸ ಮಾಡುವುದಿಲ್ಲ, ಭುಜ ಮತ್ತು ಮೊಣಕೈ ಬರೆಯುತ್ತವೆ, ಆಗಲೂ ಅದೇ ತಿರುವು, ಅದೇ ಬಾಲ. ಹಾಗಾದರೆ ಸಹಿ ಇರುವುದು ಬೆರಳಿನಲ್ಲಲ್ಲ ಅಲ್ವಾ? ಮೆದುಳು ಅದನ್ನು ಒಂದು ಯೋಜನೆಯ ಹಾಗೆ ಇಟ್ಟುಕೊಂಡಿದೆ. ಯಾವ ಅಂಗಕ್ಕೆ ಆ ಯೋಜನೆ ಕೊಟ್ಟರೂ ಅದು ತನಗೆ ಬಂದಷ್ಟು ಮಾಡುತ್ತದೆ. 'ಕೈಗೆ ಅಭ್ಯಾಸ ಆಗಿದೆ', 'ಸ್ನಾಯುವಿಗೆ ನೆನಪಿದೆ' ಅಂತ ನಾವು ಹೇಳುತ್ತೇವಲ್ಲ, ಅದು ಅರ್ಧ ಸತ್ಯ ಕೂಡ ಅಲ್ಲ. ಇಂಥ ನೆನಪು ಇರುವುದು ನರಮಂಡಲದಲ್ಲಿ.

ಇದನ್ನು ಪ್ರಯೋಗ ಮಾಡಿ ತೋರಿಸಿದ್ದು 1894ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್. ಲೋಹದ ತಗಡಿನ ಸಣ್ಣ ತೂತಿಗೆ ಅಂಚು ತಾಗದ ಹಾಗೆ ಸೂಜಿ ತೂರಿಸಬೇಕು. ತಾಗಿದರೆ ವಿದ್ಯುತ್ ಹರಿದು ತಪ್ಪು ದಾಖಲಾಗುತ್ತದೆ. ಅಭ್ಯಾಸ ಮಾಡಿಸಿದ್ದು ಬಲಗೈಗೆ ಮಾತ್ರ. ಕೊನೆಗೆ ಎಡಗೈಯನ್ನು ಪರೀಕ್ಷಿಸಿದರೆ, ಒಂದು ದಿನವೂ ಅಭ್ಯಾಸ ಮಾಡದ ಆ ಕೈ ಕೂಡ ಮೊದಲಿಗಿಂತ ಸ್ಥಿರವಾಗಿತ್ತು. ಬಲದ ವಿಷಯದಲ್ಲೂ ಹೀಗೇ ಆಯಿತು. ಒಂದು ಕೈಗೆ ವ್ಯಾಯಾಮ ಕೊಟ್ಟರೆ ಇನ್ನೊಂದರ ಬಲವೂ ಒಂದಿಷ್ಟು ಏರುತ್ತದೆ. ಆಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟು ಸೇರಿಸಿದರೆ ಈ ಏರಿಕೆ ಸರಾಸರಿ ಶೇಕಡಾ 8ರಿಂದ 12ರಷ್ಟು. ಸ್ನಾಯು ದಪ್ಪ ಆಗಿರುವುದಿಲ್ಲ. ಆಜ್ಞೆ ಕಳಿಸುವ ನರಗಳು ಚುರುಕಾಗಿರುತ್ತವೆ.

ಇಲ್ಲಿ ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್‌ನನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1920ರ ದಶಕದಲ್ಲಿ ಮಾಸ್ಕೋದ ಕಾರ್ಮಿಕ ಸಂಸ್ಥೆಯೊಂದರಲ್ಲಿ ಈತ ಕೆಲಸಗಾರರ ಭುಜ, ಮೊಣಕೈ, ಮಣಿಕಟ್ಟಿಗೆ ಪುಟ್ಟ ಬಲ್ಬು ಕಟ್ಟಿ, ಅವರು ಉಳಿಗೆ ಸುತ್ತಿಗೆಯಿಂದ ಹೊಡೆಯುವಾಗ ಫೋಟೋ ತೆಗೆದ. ನುರಿತ ಕೆಲಸಗಾರನ ಪ್ರತಿ ಏಟೂ ಒಂದೇ ಥರ ಇರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಫೋಟೋದಲ್ಲಿ ಕಂಡದ್ದೇ ಬೇರೆ. ಸುತ್ತಿಗೆಯ ತುದಿ ಪ್ರತಿ ಸಲ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುತ್ತಿತ್ತು, ಕೀಲುಗಳು ಮಾತ್ರ ಪ್ರತಿ ಸಲ ಬೇರೆ ಬೇರೆ ಥರ ತಿರುಗುತ್ತಿದ್ದವು. ಈ ಕೆಲಸಕ್ಕೆ 1948ರಲ್ಲಿ ಸ್ಟಾಲಿನ್ ಬಹುಮಾನ ಬಂತು. ಒಂದೆರಡು ವರ್ಷಗಳಲ್ಲೇ, ಸೋವಿಯತ್ ಸರ್ಕಾರ ತಲೆ ಮೇಲೆ ಹೊತ್ತಿದ್ದ ಶರೀರವಿಜ್ಞಾನಿ 'ಪಾವ್ಲೋವ್‌ನ ಸಿದ್ಧಾಂತಕ್ಕೆ ವಿರುದ್ಧ' ಅನ್ನುವ ಆರೋಪ ಬಂದು ಕೆಲಸವೂ ಹೋಯಿತು. ಸಂದೇಹ, ಹಿನ್ನಡೆ ಎಲ್ಲ ಬರೀ ಆಟಗಾರರ ಸೊತ್ತಲ್ಲ.

1960ರ ದಶಕದ ಕೊನೆಯಲ್ಲಿ ಮಾಸ್ಕೋದಲ್ಲೇ ವಿಕ್ಟರ್ ಗುರ್‌ಫಿಂಕೆಲ್ ಮತ್ತು ಜೊತೆಗಾರರು ನೇರವಾಗಿ ಪಿಸ್ತೂಲ್ ಶೂಟರ್‌ಗಳನ್ನೇ ಅಳೆದರು. ಒಳ್ಳೆಯ ಶೂಟರ್‌ನ ಕೈ ಕಲ್ಲಿನ ಹಾಗೆ ಅಲ್ಲಾಡದೆ ನಿಲ್ಲುತ್ತದೆ ಅನ್ನುವುದು ನಮ್ಮ ಕಲ್ಪನೆ. ಹಾಗೇನೂ ಇಲ್ಲ. ಆತನ ಭುಜವೂ ಅಲ್ಲಾಡುತ್ತದೆ, ಮಣಿಕಟ್ಟೂ ಅಲ್ಲಾಡುತ್ತದೆ, ಆದರೆ ಭುಜ ಒಂದು ಕಡೆ ವಾಲಿದರೆ ಮಣಿಕಟ್ಟು ಅಷ್ಟೇ ಇನ್ನೊಂದು ಕಡೆ ವಾಲಿ ಲೆಕ್ಕ ಸರಿ ಮಾಡುತ್ತದೆ, ಹಾಗಾಗಿ ನಳಿಗೆಯ ತುದಿ ನಿಂತಲ್ಲೇ ನಿಲ್ಲುತ್ತದೆ. ಹೊಸಬರಲ್ಲಿ ಈ ಹೊಂದಾಣಿಕೆ ಇರುವುದಿಲ್ಲ. ಭುಜದ ತಪ್ಪು, ಮಣಿಕಟ್ಟಿನ ತಪ್ಪು, ಎರಡೂ ಸೇರಿ ನಳಿಗೆಯಲ್ಲಿ ಕಾಣುತ್ತವೆ.

ಹಾಗಾದರೆ ತಕಾಚ್‌ಗೆ ಏನು ಉಳಿದಿತ್ತು ಅಂತ ಊಹಿಸಬಹುದು. ಗುರಿಹಲಗೆ ತನ್ನ ಕಡೆ ತಿರುಗಿದ ಕೂಡಲೇ ಕೈ ಎತ್ತುವ ಲಯ, ಉಸಿರು ಹಿಡಿಯುವ ಹೊತ್ತು, ಒಂದು ಗುರಿಯಿಂದ ಮುಂದಿನದಕ್ಕೆ ಸಾಗುವ ವೇಗ, ಟ್ರಿಗರ್ ಒತ್ತುವಾಗ ಬೆರಳು ಬಿಟ್ಟು ಬೇರೇನೂ ಬಿಗಿಯಬಾರದು ಅನ್ನುವ ತಿಳಿವಳಿಕೆ, ಇವೆಲ್ಲ ಗ್ರೆನೇಡಿಗೆ ಸಿಗದ ಜಾಗದಲ್ಲಿ ಭದ್ರವಾಗಿದ್ದವು. ಪಿಸ್ತೂಲಿನವರಿಗೆ ಇನ್ನೂ ಒಂದು ಅನುಕೂಲ ಇದೆ. ಗುರಿ ನೋಡುವಾಗ ಎರಡು ಕಣ್ಣಲ್ಲಿ ಒಂದರ ಮಾತೇ ಹೆಚ್ಚು ನಡೆಯುತ್ತದೆ, ಜನರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರಿಗೆ ಬಲಗಣ್ಣೇ ಮುಂದಾಳು. ರೈಫಲ್ ಆದರೆ ಭುಜ ಬದಲಾದಾಗ ಕಣ್ಣೂ ಬದಲಾಗಬೇಕು, ಅದು ದೊಡ್ಡ ತಲೆನೋವು. ಪಿಸ್ತೂಲು ಚಾಚಿದ ತೋಳಿನ ತುದಿಯಲ್ಲಿರುತ್ತದೆ, ತಲೆ ಸ್ವಲ್ಪ ತಿರುಗಿಸಿದರೆ ಸಾಕು.

ಎಲ್ಲವೂ ಪುಕ್ಕಟೆ ದಾಟಿ ಬಂತು ಅನ್ನಬೇಡಿ. ಹಾಗಿದ್ದರೆ ಆಸ್ಪತ್ರೆಯಿಂದ ಬಂದ ಮರುದಿನವೇ ಆತ ಸ್ಪರ್ಧೆಗೆ ಹೋಗಬಹುದಿತ್ತು.

1996ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಥಾಮಸ್ ಥ್ಯಾಚ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಜನರ ಕಣ್ಣಿಗೆ ಪ್ರಿಸಮ್ ಕನ್ನಡಕ ಹಾಕಿ, ಗುರಿಗೆ ಜೇಡಿಮಣ್ಣಿನ ಉಂಡೆ ಎಸೆಯಲು ಹೇಳಿದರು. ಪ್ರಿಸಮ್ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ತೋರಿಸುತ್ತದೆ, ಹಾಗಾಗಿ ಮೊದಲ ಉಂಡೆ ಎಲ್ಲೋ ಬೀಳುತ್ತದೆ. ಎರಡನೆಯದು ಸ್ವಲ್ಪ ಹತ್ತಿರ. ಎಸೆಯುತ್ತಾ ಹೋದ ಹಾಗೆ ಉಂಡೆ ಗುರಿಗೇ ಬಡಿಯುತ್ತದೆ. ಈಗ ಕನ್ನಡಕ ತೆಗೆದರೆ? ಉಂಡೆ ವಿರುದ್ಧ ದಿಕ್ಕಿಗೆ ತಪ್ಪುತ್ತದೆ! ಕನ್ನಡಕ ಇಲ್ಲ ಅಂತ ಗೊತ್ತಿದ್ದರೂ ಕೈ ಕೇಳುವುದಿಲ್ಲ. ನಮ್ಮ ಕಥೆಗೆ ಬೇಕಾದ ವಿಷಯ ಏನೆಂದರೆ, ಒಂದು ಕೈಯಲ್ಲಿ ಹೀಗೆ ಕಲಿತ ತಿದ್ದುಪಡಿ ಇನ್ನೊಂದು ಕೈಗೆ ದಾಟಲಿಲ್ಲ. ಯೋಜನೆ ಎರಡೂ ಕೈಗೆ ಸೇರಿದ್ದು, ಸೂಕ್ಷ್ಮ ಹೊಂದಾಣಿಕೆ ಮಾತ್ರ ಆಯಾ ಕೈಯ ಪಾಡು. ತಕಾಚ್ ಗುಟ್ಟಾಗಿ ಕೂತು ದುಡಿದದ್ದು ಈ ಎರಡನೆಯದಕ್ಕೆ ಅನ್ನುವುದು ನನ್ನ ವಾದ.

ಇನ್ನೂ ಒಂದು ವಿಷಯ ಆ ಪ್ರಯೋಗದಲ್ಲಿತ್ತು. ಸೆರೆಬೆಲಮ್‌ಗೆ, ಅಂದರೆ ತಲೆಯ ಹಿಂಭಾಗದಲ್ಲಿ ಕೆಳಗೆ ಅಂಟಿಕೊಂಡಿರುವ ಕಿರುಮೆದುಳಿಗೆ ಪೆಟ್ಟಾದ ರೋಗಿಗಳಲ್ಲಿ ಅನೇಕರು ಎಷ್ಟು ಎಸೆದರೂ ತಿದ್ದಿಕೊಳ್ಳಲಿಲ್ಲ. ತಪ್ಪು ಕಣ್ಣಿಗೆ ಕಾಣುತ್ತಿತ್ತು, ಮುಂದಿನ ಎಸೆತಕ್ಕೆ ಅದು ಮುಟ್ಟುತ್ತಿರಲಿಲ್ಲ.

ಕಿರುಮೆದುಳು ಅಂದರೆ ಪುಟ್ಟದು ಅಂತ ಅಸಡ್ಡೆ ಬೇಡ. ನಮ್ಮ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರುವುದು ಇಲ್ಲೇ. ಇಲ್ಲಿನ ದೊಡ್ಡಣ್ಣ ಪುರ್ಕಿಂಜೆ ಕೋಶ. ಒಂದೊಂದು ಪುರ್ಕಿಂಜೆ ಕೋಶಕ್ಕೂ ಒಂದು ಲಕ್ಷಕ್ಕಿಂತ ಜಾಸ್ತಿ ಸಣ್ಣ ತಂತುಗಳು ಸುದ್ದಿ ತರುತ್ತವೆ. ಕೈ ಎಲ್ಲಿದೆ, ಕಣ್ಣು ಏನು ನೋಡುತ್ತಿದೆ, ಈಗ ಯಾವ ಆಜ್ಞೆ ಹೊರಟಿದೆ, ಹೀಗೆ. ಇವುಗಳ ಜೊತೆಗೆ ಬೇರೆ ಜಾತಿಯ ತಂತು ಒಂದು, ಒಂದೇ ಒಂದು, ಬಳ್ಳಿಯಂತೆ ಆ ಕೋಶವನ್ನು ಸುತ್ತಿಕೊಂಡು ಹತ್ತಿರುತ್ತದೆ. ಅದಕ್ಕೆ ಹತ್ತುತಂತು, ಅಂದರೆ ಮೇಲೇರುವ ತಂತು, ಅನ್ನೋಣ. ಸಾಮಾನ್ಯವಾಗಿ ಇದು ಮಿಡಿಯುವುದು ಸೆಕೆಂಡಿಗೆ ಒಂದು ಸಲ, ಅಷ್ಟೇ. ಮಿಡಿದಾಗ ಮಾತ್ರ ಇಡೀ ಕೋಶ ನಡುಗುತ್ತದೆ. ತುಂಬಿದ ಸಭೆಯಲ್ಲಿ ಎಲ್ಲರೂ ಗುಸುಗುಸು ಮಾತಾಡುತ್ತಿರುವಾಗ ಒಬ್ಬ ಎದ್ದು ನಿಂತು 'ತಪ್ಪು!' ಅಂತ ಕೂಗಿದ ಹಾಗೆ.

ಆ ಕೂಗು ಬಿದ್ದ ಕ್ಷಣದಲ್ಲಿ ಯಾವ ಸಣ್ಣ ತಂತುಗಳು ಮಾತಾಡುತ್ತಿದ್ದವೋ ಅವುಗಳ ಪ್ರಭಾವ ಕುಗ್ಗುತ್ತದೆ. ಮುಂದಿನ ಸಲ ಅದೇ ಸಂದರ್ಭ ಬಂದರೆ ಅವುಗಳ ಮಾತು ಅಷ್ಟಾಗಿ ನಡೆಯುವುದಿಲ್ಲ, ಕೈ ಕೂದಲೆಳೆಯಷ್ಟು ಬೇರೆ ಥರ ಚಲಿಸುತ್ತದೆ. ಡೇವಿಡ್ ಮಾರ್ 1969ರಲ್ಲಿ, ಜೇಮ್ಸ್ ಆಲ್ಬಸ್ 1971ರಲ್ಲಿ ಇಂಥದ್ದೊಂದು ಇರಬೇಕು ಅಂತ ಲೆಕ್ಕ ಹಾಕಿದ್ದರು. 1982ರಲ್ಲಿ ಜಪಾನಿನ ಮಸಾವೊ ಇಟೊ ಮತ್ತು ಜೊತೆಗಾರರು ಈ ಕುಗ್ಗುವಿಕೆಯನ್ನು ಪ್ರಯೋಗದಲ್ಲಿ ತೋರಿಸಿದರು. ಇಷ್ಟೇನಾ, ಬೇರೆ ದಾರಿಗಳೂ ಇವೆಯಾ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಆದರೆ ತಪ್ಪಿನ ಸುದ್ದಿ ತರುವ ಮುಖ್ಯ ದಾರಿ ಹತ್ತುತಂತು ಅನ್ನುವುದಕ್ಕೆ ಸಾಕಷ್ಟು ಬೆಂಬಲ ಇದೆ.

ಈ ಹತ್ತುತಂತುಗಳು ಹೊರಡುವುದು ಎಲ್ಲಿಂದ ಗೊತ್ತಾ? ಮೆದುಳುಕಾಂಡದಲ್ಲಿರುವ ಆಲಿವ್ ಅನ್ನುವ ಪುಟ್ಟ ಗಂಟಿನಿಂದ. 1959ರಲ್ಲಿ ಅದನ್ನು ತೋರಿಸಿಕೊಟ್ಟವರಲ್ಲಿ ಮುಖ್ಯನಾದ ಯಾನೊಶ್ ಸೆಂಟಾಗೊತೈ ಕೂಡ ಹಂಗೇರಿಯವನೇ, ಹುಟ್ಟಿದ್ದು ತಕಾಚ್‌ಗಿಂತ ಎರಡು ವರ್ಷ ತಡವಾಗಿ, ಅದೇ ಬುಡಾಪೆಸ್ಟ್‌ನಲ್ಲಿ. ಇದರಿಂದ ಏನೂ ಸಾಬೀತಾಗುವುದಿಲ್ಲ, ಖುಷಿಗೆ ಹೇಳಿದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಪಟ್ಟು ಹಿಡಿದು ಮಾಡುವುದು ಅನ್ನುತ್ತೇವಲ್ಲ, ಅದು ಕೆಲಸ ಮಾಡುವುದು ಇಲ್ಲಿ. ತಪ್ಪಾಗದೆ ಹತ್ತುತಂತು ಸರಿಯಾದ ಸುದ್ದಿ ಕೊಡುವುದಿಲ್ಲ. ಗುಂಡು ಎಲ್ಲಿ ಬಿತ್ತು ಅಂತ ನೋಡದೆ ಸಾವಿರ ಸಲ ಹಾರಿಸಿದರೆ ಕೈ ಸೋಲುತ್ತದೆ, ಕಲಿಯುವುದು ಕಮ್ಮಿ. 'ದಿನಾ ಇಷ್ಟು ಗಂಟೆ ಮಾಡು, ತಾನಾಗಿ ಬರುತ್ತೆ' ಅನ್ನುವ ತರಬೇತುದಾರರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಬಿಟ್ಟುಬಿಡುವ ಆಸೆ ಆಗುವುದೂ ಸರಿಯಾಗಿ ತಪ್ಪುಗಳು ದಂಡಿಯಾಗಿರುವ ಮೊದಲ ವಾರಗಳಲ್ಲೇ, ಅಂದರೆ ಕಲಿಕೆಯ ಸಾಮಗ್ರಿ ಅತಿ ಜಾಸ್ತಿ ಸಿಗುವ ಹೊತ್ತಲ್ಲೇ. ಜನರ ಕಣ್ಣು ತಪ್ಪಿಸಿ ಅಭ್ಯಾಸ ಮಾಡಿದ್ದು ತಕಾಚ್‌ಗೆ ಇಲ್ಲಿ ನೆರವಾಗಿರಬಹುದು. ತಪ್ಪಿದಾಗ ಗುರಿಹಲಗೆ ಮಾತ್ರ ನೋಡುತ್ತಿತ್ತು, 'ಪಾಪ' ಅನ್ನುವವರು ಇರಲಿಲ್ಲ.

1940 ಮತ್ತು 1944ರ ಒಲಿಂಪಿಕ್ಸ್ ಯುದ್ಧದಿಂದ ರದ್ದಾದವು. 1948ರಲ್ಲಿ ಲಂಡನ್‌ಗೆ ಹೋದಾಗ ಆತನಿಗೆ 38 ವಯಸ್ಸು. ಆಗಿನ ವಿಶ್ವ ಚಾಂಪಿಯನ್, ಅರ್ಜೆಂಟೀನಾದ ಎನ್ರಿಕೆ ದಿಯಾಸ್ ಸಾಯೆನ್ಸ್ ವಾಲಿಯೆಂತೆ, 'ನೀವಿಲ್ಲಿ?' ಅಂತ ಕೇಳಿದನಂತೆ. 'ಕಲಿಯೋಕೆ ಬಂದೆ' ಅಂದನಂತೆ ತಕಾಚ್. 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆ. ಈಗಿನ ನಿಯಮದಲ್ಲಿ ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. ಕಣ್ಣು ನೋಡಿ ಕೈ ತಿದ್ದಲು ಹೆಚ್ಚುಕಡಿಮೆ ಸೆಕೆಂಡಿನ ಐದನೇ ಒಂದು ಪಾಲು ಬೇಕು, ಹಾಗಾಗಿ ಕೊನೆಯ ಸುತ್ತಿನಲ್ಲಿ ನೋಡಿ ತಿದ್ದಿಕೊಳ್ಳಲು ಪುರುಸೊತ್ತು ತೀರಾ ಕಮ್ಮಿ. ಕಿರುಮೆದುಳು ಮೊದಲೇ ಊಹಿಸಿ ಕಳಿಸಿದ ಆಜ್ಞೆಯನ್ನೇ ನಂಬಬೇಕು. ತಕಾಚ್ 580 ಅಂಕ ಗಳಿಸಿದ, ಅದು ವಿಶ್ವ ದಾಖಲೆ. ವಾಲಿಯೆಂತೆಗೆ 571. 'ಸಾಕಷ್ಟು ಕಲಿತಿದ್ದೀರಿ' ಅಂತ ಅಭಿನಂದಿಸಿದನಂತೆ. 1952ರ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ, ಈ ಸಲ ತನ್ನ ದೇಶದವನೇ ಆದ ಸಿಲಾರ್ಡ್ ಕುನ್‌ಗಿಂತ ಒಂದೇ ಅಂಕ ಜಾಸ್ತಿ. 1956ರ ಮೆಲ್ಬರ್ನ್‌ನಲ್ಲಿ ಎಂಟನೇ ಸ್ಥಾನ.

ಇದನ್ನು ಓದಿ ಯಾರು ಬೇಕಾದರೂ ಹೀಗೆ ಮಾಡಬಹುದು ಅಂದುಕೊಂಡರೆ ಅದೂ ಮೂಢನಂಬಿಕೆಯೇ. ಕೈ ಕಳೆದುಕೊಂಡು, ಇನ್ನೊಂದು ಕೈಯಲ್ಲಿ ವರ್ಷಗಟ್ಟಲೆ ಒದ್ದಾಡಿ, ಕೊನೆಗೂ ಮೊದಲಿನ ಮಟ್ಟಕ್ಕೆ ಬಾರದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರಿಗೆ ಛಲ ಕಡಿಮೆ ಇತ್ತು ಅನ್ನಲು ನಮಗೇನು ಆಧಾರ? ತಕಾಚ್‌ನ ಹಿಂದೆ ಬಲಗೈಯ ವರ್ಷಗಳ ಬಂಡವಾಳ ಇತ್ತು, ಸೈನ್ಯದ ಪಿಸ್ತೂಲು, ಗುಂಡು, ಜಾಗ ಇತ್ತು.

ಗಾಯವಾದ ಆಟಗಾರರಿಗೆ ಇದರಲ್ಲಿ ಕೈಗೆ ಸಿಗುವ ಒಂದು ವಿಷಯವೂ ಇದೆ. ಒಂದು ಕೈ ಅಲ್ಲಾಡದ ಹಾಗೆ ಕಟ್ಟಿಟ್ಟು, ಇನ್ನೊಂದು ಕೈಗೆ ಮಾತ್ರ ವ್ಯಾಯಾಮ ಮಾಡಿಸಿದ ಪ್ರಯೋಗಗಳು ನಡೆದಿವೆ. ಸಾಮಾನ್ಯವಾಗಿ ಕಟ್ಟಿದ ಕೈಯ ಬಲ ವಾರಗಳಲ್ಲೇ ಇಳಿಯುತ್ತದೆ, ಇವರಲ್ಲಿ ಆ ಇಳಿಕೆ ಕಮ್ಮಿಯಾಯಿತು. ಬಲಗಾಲಿಗೆ ಪ್ಲಾಸ್ಟರ್ ಬಿದ್ದಿದೆ ಅಂತ ಎಡಗಾಲನ್ನೂ ಹಾಸಿಗೆ ಮೇಲೆ ಹಾಕಿ ಮಲಗಬೇಕಾಗಿಲ್ಲ. ಎಷ್ಟು ಭಾರ, ಯಾವಾಗಿಂದ ಅನ್ನುವುದನ್ನು ಮಾತ್ರ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ ಮಾಡಿ.