ರಾಕ್ಷಸನ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಕೆ?

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ರಾಕ್ಷಸ, ಏಲಿಯನ್ ಇರುವ ಚಿತ್ರಪುಸ್ತಕಗಳೆಂದರೆ ಪ್ರಾಣ. ಹಗಲು ಒಂದನ್ನೇ ಮೂರು ಸಲ ಓದಿಸಿಕೊಳ್ಳುತ್ತಾನೆ. ರಾತ್ರಿಯಾದರೆ ಬಚ್ಚಲಿಗೂ ಒಬ್ಬನೇ ಹೋಗುವುದಿಲ್ಲ. ನಮ್ಮತ್ತೆ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದಾರೆ. ಅವರು ಮಾಡಿದ್ದು ಸರಿಯೇ?
(ಸಕಲೇಶಪುರದ ಓದುಗರೊಬ್ಬರು)

ಇಳಿಸಿಕೊಡಿ. ಅತ್ತೆಯವರ ಮನಸ್ಸು ನೋಯದ ಹಾಗೆ ಇಳಿಸುವುದು ಹೇಗೆಂಬುದು ನನ್ನ ಕೈಮೀರಿದ್ದು, ಪುಸ್ತಕದ ವಿಷಯ ಮಾತ್ರ ಹೇಳಬಲ್ಲೆ.

ಹಾಸನದ ನಮ್ಮ ಮನೆ ಜಗಲಿಯಲ್ಲಿ ಭಾನುವಾರ ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಓದುತ್ತೇನೆ. ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದೂ ಇದನ್ನೇ. ಮೂರರಿಂದ ಆರು ವರ್ಷದೊಳಗೆ ಕತ್ತಲಿನ ಭಯ, ಗುಮ್ಮನ ಭಯ ಪುಸ್ತಕವನ್ನೇ ಮುಟ್ಟದ ಮಗುವಿಗೂ ಬರುತ್ತದೆ. ‘ಅದೆಲ್ಲ ಸುಳ್ಳು ಕಣೋ’ ಅಂದರೆ ಮಗು ಹೂಂ ಅನ್ನುತ್ತದೆ, ಹೆದರುತ್ತಲೂ ಇರುತ್ತದೆ. ಮನಶ್ಶಾಸ್ತ್ರಜ್ಞ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನಾಲ್ಕು, ಆರು ವರ್ಷದ ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಒಳಗೊಂದು ಮೊಲ ಇದೆ ಅಂದುಕೋ, ರಾಕ್ಷಸ ಇದೆ ಅಂದುಕೋ ಅಂದರು. ಸುಮ್ಮನೆ ಅಂದುಕೊಂಡದ್ದಷ್ಟೇ ಎಂದು ಮಕ್ಕಳೇ ಹೇಳಿದವು. ಆದರೂ ದೊಡ್ಡವರು ಕೋಣೆಯಿಂದ ಹೊರಡುತ್ತೇವೆ ಅಂದಾಗ ರಾಕ್ಷಸ ಇದೆ ಅಂದುಕೊಂಡಿದ್ದ ಕೆಲವು ಪುಟಾಣಿಗಳು ಅವರನ್ನು ಬಿಡಲೇ ಇಲ್ಲ. ನಿಮ್ಮ ಮಗನದೂ ಅದೇ ಲೆಕ್ಕ: ಇಲ್ಲ ಅಂತ ಗೊತ್ತು, ಇದ್ದುಬಿಟ್ಟರೆ?

ಇಂಥ ಪುಸ್ತಕಗಳ ಮೇಲಿನ ಗುಲ್ಲು ಹಳೆಯದು. ಅಮೆರಿಕದ ಮಾರಿಸ್ ಸೆಂಡಾಕ್ ಬರೆದು ಚಿತ್ರಿಸಿದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಬಂದದ್ದು 1963ರಲ್ಲಿ. ಹುಡುಗನ ತುಂಟಾಟ ತಡೆಯದೆ ಅಮ್ಮ ಊಟ ಕೊಡದೆ ಮಲಗಲು ಕಳಿಸುತ್ತಾಳೆ. ಅವನು ದೋಣಿ ಹತ್ತಿ ಕೋರೆಹಲ್ಲಿನ ಪ್ರಾಣಿಗಳ ನಾಡಿಗೆ ಹೋಗಿ, ಅವಕ್ಕೇ ರಾಜನಾಗಿ, ಕೊನೆಗೆ ಮನೆ ನೆನಪಾಗಿ ಹಿಂದಿರುಗುತ್ತಾನೆ. ಕೋಣೆಯಲ್ಲಿ ಊಟ ಕಾದಿದೆ, ಇನ್ನೂ ಬಿಸಿಯಾಗಿದೆ. ಆ ಪ್ರಾಣಿಗಳಿಗೆ ಮಾದರಿ ತನ್ನ ಕೆನ್ನೆ ಹಿಂಡುತ್ತಿದ್ದ ನೆಂಟರೇ ಎಂದು ಸೆಂಡಾಕ್ ಹೇಳಿಕೊಂಡಿದ್ದರು. ಬ್ರೂನೋ ಬೆಟಲ್‌ಹೈಮ್ ಎಂಬ ಹೆಸರಾಂತ ಮನಶ್ಶಾಸ್ತ್ರಜ್ಞರು 1969ರಲ್ಲಿ ಈ ಪುಸ್ತಕವನ್ನು ಟೀಕಿಸಿ ಬರೆದರು. ಓದಿ ಅಲ್ಲ, ತಾಯಂದಿರು ಹೇಳಿದ್ದನ್ನು ಕೇಳಿಕೊಂಡು! ಆದರೆ ಅವರನ್ನು ಕಾಡಿದ್ದು ಕೋರೆಹಲ್ಲಿಗಿಂತ ಹೆಚ್ಚಾಗಿ ಊಟ ಕೊಡದ ಅಮ್ಮ. ಅದನ್ನು ತಳ್ಳಿಹಾಕಲಾರೆ. ಪುರಂದರದಾಸರ ಕೃಷ್ಣ ಅಮ್ಮನನ್ನು ಬೇಡುವುದು ‘ಗುಮ್ಮನ ಕರೆಯದಿರೆ’ ಎಂದು. ಗುಮ್ಮ ತಾನಾಗಿ ಬರುವವನಲ್ಲ, ಅಮ್ಮ ಕರೆದರೆ ಬರುವವನು.

ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಮನೆಯಲ್ಲಿ ಯಾರಾದರೂ ‘ಮಲೀಕೋ, ಗುಮ್ಮ ಬತ್ತದೆ’ ಅನ್ನುತ್ತಾರೆಯೇ? ಪುಸ್ತಕದ ರಾಕ್ಷಸನನ್ನು ಬೇಡವೆನಿಸಿದಾಗ ಮಗುವೇ ಮುಚ್ಚಿಡಬಹುದು. ಆ ಗುಮ್ಮನ ಹಗ್ಗ ಮಾತ್ರ ದೊಡ್ಡವರ ಕೈಯಲ್ಲಿ. ನಿಮ್ಮ ಕಡೆ ಕಾಡಾನೆ ತೋಟಕ್ಕೆ ಇಳಿಯುವುದು ನಿಜ, ಹೊತ್ತು ಮುಳುಗಿದ ಮೇಲೆ ಅಂಗಳ ದಾಟಬೇಡ ಅನ್ನಲೇಬೇಕು. ಇರುವ ಆನೆ, ಇಲ್ಲದ ಗುಮ್ಮ ಎರಡನ್ನೂ ಒಂದೇ ದನಿಯಲ್ಲಿ ಹೇಳಿದರೆ ಮಗು ಯಾವುದನ್ನು ನಂಬಬೇಕು?

ಜಗಲಿಗೆ ಬರುವ ಐದು ವರ್ಷದ ಹುಡುಗಿಯೊಬ್ಬಳು ಹಲ್ಲು ಕಿಸಿದ ರಾಕ್ಷಸನ ಪುಟ ಬಂದ ಕೂಡಲೇ ಬಾಯಿಗೆ ಅಂಗೈ ಮುಚ್ಚುತ್ತಿದ್ದಳು. ತನ್ನ ಬಾಯಿಗಲ್ಲ, ರಾಕ್ಷಸನ ಬಾಯಿಗೆ. ಬೆರಳ ಸಂದಿಯಲ್ಲಿ ಒಂದು ಹಲ್ಲು ಕಂಡರೆ ಸಾಕು. ಮುಂದಿನ ವಾರ ಎರಡು ಹಲ್ಲು. ಈಗ ಹದಿನಾಲ್ಕನ್ನೂ ಮುಟ್ಟಿ ಎಣಿಸುತ್ತಾಳೆ, ಹಲ್ಲಿನ ಮೇಲೆಲ್ಲ ಕೋಡುಬಳೆ ಎಣ್ಣೆ. ಪುಟವನ್ನು ಹೀಗೆ ತಡೆದು ಹಿಡಿಯಬಹುದು. ಮೊಬೈಲಿನ ವಿಡಿಯೊ ಮಗುವಿಗೆ ಕಾಯುವುದಿಲ್ಲ, ಅದನ್ನು ಬೇಕಾದರೆ ಅಟ್ಟಕ್ಕೆ ಹಾಕಿ.

ಅಮೆರಿಕದ ಚಿತ್ರಕಾರ ಎಡ್ ಎಂಬರ್ಲಿ 1992ರಲ್ಲಿ ಮಾಡಿದ ‘ಗೋ ಅವೇ, ಬಿಗ್ ಗ್ರೀನ್ ಮಾನ್‌ಸ್ಟರ್!’ ಈ ಗುಟ್ಟಿನ ಮೇಲೇ ನಿಂತಿದೆ. ಪುಟಗಳಲ್ಲಿ ತೂತು ಕೊರೆದಿದ್ದಾರೆ. ಮಗುಚುತ್ತಾ ಹೋದಂತೆ ಕಣ್ಣು, ಮೂಗು, ಹಲ್ಲು ಸೇರಿ ಹಸಿರು ಮುಖವಾಗುತ್ತದೆ. ಅಲ್ಲಿಂದಾಚೆ ‘ಹೋಗು’ ಅಂದಂತೆಲ್ಲ ಒಂದೊಂದೇ ಮಾಯ. ನಾವು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅಂಥದ್ದೊಂದು ಮಾಡಿದೆವು. ನಮ್ಮ ರಾಕ್ಷಸನ ಹಣೆಯ ಮೇಲೆ ಅರ್ಧ ಗಣಪತಿ ಉಳಿದುಕೊಂಡು, ಹೆದರುವವರೇ ಇಲ್ಲದಂತಾಯಿತು. ಕನ್ನಡದಲ್ಲೇ ಬೇಕೆಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆಯಾಗಿ ಹುಡುಕಬಹುದು.

ಏಲಿಯನ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಯಾರ ಅಜ್ಜಿಯೂ ಅದನ್ನು ಹುಣಸೆಮರದ ಕೆಳಗೆ ಕಂಡವಳಲ್ಲವಾದ್ದರಿಂದ ಮಕ್ಕಳಿಗೆ ಅದರ ಮೇಲೆ ಭಯಕ್ಕಿಂತ ಕುತೂಹಲವೇ ಜಾಸ್ತಿ. ಹಾಸನದ ಮಕ್ಕಳಂತೂ ಊರಿನ ಎಂಸಿಎಫ್ ಎಂಬ ಇಸ್ರೊ ಕೇಂದ್ರದ ದೊಡ್ಡ ಡಿಶ್‌ಗಳ ಬಗ್ಗೆ ‘ಅವರು ಏಲಿಯನ್ ಹತ್ರ ಮಾತಾಡ್ತಾರಾ ಆಂಟಿ?’ ಎಂದು ಕೇಳುತ್ತಾರೆ. ಇಲ್ಲ, ಸುಮಾರು 36,000 ಕಿ.ಮೀ. ಮೇಲಿರುವ ನಮ್ಮವೇ ಉಪಗ್ರಹಗಳ ಹತ್ತಿರ. 1982ರಿಂದ ಇಸ್ರೊದ ಆ ಕೇಂದ್ರದ ಕೆಲಸ ಅದೇ. ಈ ಉತ್ತರ ಕೇಳಿ ಒಂದಿಬ್ಬರ ಮುಖ ಸಪ್ಪಗಾಗುತ್ತದೆ.

ಬಿಡುವಾದಾಗ ಮಗನನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊಯ್ಸಳೇಶ್ವರದ ಗೋಡೆಯ ಕೆಳಸಾಲುಗಳಲ್ಲಿ ಮಕರಗಳಿವೆ. ಮೊಸಳೆ ಬಾಯಿ ಯಾವುದು, ಸೊಂಡಿಲು ಯಾವುದು, ನವಿಲಿನ ಬಾಲ ಯಾವುದು ಎಂದು ಅವನೇ ಬಿಡಿಸಿ ಹೇಳಲಿ. ಗೊತ್ತಿರುವ ಪ್ರಾಣಿಗಳ ತುಂಡು ಜೋಡಿಸಿಯೇ ಗೊತ್ತಿಲ್ಲದ ಪ್ರಾಣಿ ಮಾಡುವುದು ಎಂದು ಅವನಿಗೆ ಹೊಳೆದರೆ, ಮನೆಗೆ ಬಂದು ತಾನೇ ಒಂದನ್ನು ಬರೆಯುತ್ತಾನೆ.

ಮಲಗುವ ಮುಂಚಿನ ಕೊನೆಯ ಪುಸ್ತಕ ಮಾತ್ರ ಬೇರೆ ಇರಲಿ, ರಾಕ್ಷಸ ಹಗಲಿಗೆ. ವಾರಗಟ್ಟಲೆ ನಿದ್ದೆ ಬಿಟ್ಟು, ಊಟ ಆಟ ಬೇಡವೆಂದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬಚ್ಚಲಿಗೆ ಇನ್ನೊಂದೆರಡು ವರ್ಷ ನೀವೇ ಜೊತೆಗೆ ಹೋಗಿ. ಕರೆಂಟು ಹೋದ ರಾತ್ರಿ ತವರಿನ ಹಿತ್ತಲ ಬಚ್ಚಲಿಗೆ ನಾನೂ ಈಗಲೂ ಯಾರನ್ನಾದರೂ ಎಬ್ಬಿಸಿಕೊಂಡೇ ಹೋಗುವುದು.