ಪದ ಪರಿಚಯ: ಐಜಿಪಿಯು

ಕಡಿಮೆ ಬಜೆಟ್‌ನಲ್ಲಿ ವಿಡಿಯೋ ಎಡಿಟಿಂಗ್‌ಗೆ ಕಂಪ್ಯೂಟರ್ ಮಾಡಿಸುವವರು ಕೊಟೇಷನ್ ಚೀಟಿ ತೋರಿಸಿದರೆ ನಾನು ಮೊದಲು ನೋಡುವುದು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನು. ಇಂಟೆಲ್‌ನ ‘ಐ5-12400’ ಎಂದು ಬರೆದಿದೆಯೋ, ‘ಐ5-12400ಎಫ್’ ಎಂದು ಬರೆದಿದೆಯೋ? ಎರಡರಲ್ಲೂ 6 ಕೋರ್, 12 ಥ್ರೆಡ್. ವೇಗವೂ ಒಂದೇ. ಎಫ್ ಇರುವುದರ ಬೆಲೆ ಮಾತ್ರ ಕಡಿಮೆ. ‘ಎರಡೂ ಒಂದೇ ಸಾರ್, ಸುಮ್ನೆ ಯಾಕೆ ಜಾಸ್ತಿ ಕೊಡ್ತೀರಾ’ ಅಂತ ಅಂಗಡಿಯವರು ಎಫ್ ಹಾಕಿಕೊಟ್ಟಿರುತ್ತಾರೆ. ಬರೀ ಆಟ ಆಡುವವರಿಗೆ, ಗ್ರಾಫಿಕ್ಸ್ ಕಾರ್ಡ್ ಹೇಗೂ ಕೊಳ್ಳುವವರಿಗೆ ಆ ಮಾತು ಸರಿ. ಎಡಿಟಿಂಗ್ ಮಾಡುವವರಿಗೆ ಸರಿಯಲ್ಲ. ಎಫ್ ಅಂದರೆ ಆ ಪ್ರೊಸೆಸರ್‌ನಲ್ಲಿ ಐಜಿಪಿಯು ಇಲ್ಲ ಎಂದರ್ಥ.

ಪ್ರೊಸೆಸರ್ ಚಿಪ್‌ನ ಒಳಗೇ ಇರುವ ಗ್ರಾಫಿಕ್ಸ್ ಭಾಗವೇ ಐಜಿಪಿಯು. ಪೂರ್ತಿ ಹೆಸರು ಇಂಟಿಗ್ರೇಟೆಡ್ ಗ್ರಾಫಿಕ್ಸ್ ಪ್ರೊಸೆಸಿಂಗ್ ಯೂನಿಟ್. ಅಂಗಡಿಗಳಲ್ಲಿ ಇನ್‌ಬಿಲ್ಟ್ ಗ್ರಾಫಿಕ್ಸ್ ಅಂತಾರೆ, ಆನ್‌ಬೋರ್ಡ್ ಅಂತಲೂ ಅಂತಾರೆ. ಹಿಂದೆ ಇದು ಮದರ್‌ಬೋರ್ಡ್‌ನ ಚಿಪ್‌ಸೆಟ್‌ನಲ್ಲಿ ಇರುತ್ತಿತ್ತು. 2011ರ ಹೊತ್ತಿಗೆ ಇಂಟೆಲ್ ತನ್ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಲ್ಲಿ, ಎಎಂಡಿ ತಾನು ಎಪಿಯು ಎಂದು ಕರೆದ ಪ್ರೊಸೆಸರ್‌ಗಳಲ್ಲಿ ಇದನ್ನು ಕೋರ್‌ಗಳ ಪಕ್ಕದಲ್ಲೇ, ಒಂದೇ ಚಿಪ್‌ಗೆ ತಂದವು. ಮದರ್‌ಬೋರ್ಡ್ ಹಿಂದಿನ ಎಚ್‌ಡಿಎಂಐ ಕಿಂಡಿಗೆ ಚಿತ್ರ ಬರುವುದು ಇಲ್ಲಿಂದಲೇ. ಎಫ್ ಪ್ರೊಸೆಸರ್ ಹಾಕಿ, ಕಾರ್ಡ್ ಆಮೇಲೆ ತಗೊಂಡರಾಯಿತು ಎಂದುಕೊಂಡರೆ ಅಲ್ಲಿಯವರೆಗೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ.

ಇಷ್ಟು ಹೆಚ್ಚಿನವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಏನೆಂದರೆ, ಐಜಿಪಿಯು ಒಳಗೆ ಬೇರೆಬೇರೆ ಕೆಲಸದ ಎರಡು ಭಾಗಗಳಿವೆ. ಒಂದು, ಆಟದ 3ಡಿ ಚಿತ್ರ ಬಿಡಿಸುವ ಭಾಗ. ಇದು ಬಜೆಟ್ ಪ್ರೊಸೆಸರ್‌ಗಳಲ್ಲಿ ಬಡಕಲು, ಅದಕ್ಕೇ ‘ಇನ್‌ಬಿಲ್ಟ್ ಅಂದ್ರೆ ವೇಸ್ಟ್’ ಎನ್ನುವ ಮಾತು ಹುಟ್ಟಿದ್ದು. ಇನ್ನೊಂದು ಮೀಡಿಯಾ ಎಂಜಿನ್. ವಿಡಿಯೋವನ್ನು ಬಿಡಿಸಿ ಓದುವುದು ಮತ್ತು ಅದುಮಿ ಬರೆಯುವುದು, ಅಂದರೆ ಡೀಕೋಡ್ ಮತ್ತು ಎನ್‌ಕೋಡ್, ಇವೆರಡೇ ಇದರ ಕೆಲಸ. ಅದಕ್ಕೆಂದೇ ಮಾಡಿದ ಸರ್ಕ್ಯೂಟ್ ಇದು. ಹಾಗಾಗಿ ಚಿಪ್ ಅಗ್ಗದ್ದಾದರೂ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಇಂಟೆಲ್ ತನ್ನದಕ್ಕೆ ಕ್ವಿಕ್ ಸಿಂಕ್ ಎಂದು ಹೆಸರಿಟ್ಟಿದೆ.

ಇದರ ಮಹತ್ವ ಗೊತ್ತಾಗಬೇಕಾದರೆ ಫೋನಿನ ವಿಡಿಯೋ ಹೇಗೆ ಸೇವ್ ಆಗುತ್ತದೆ ಎಂದು ತಿಳಿಯಬೇಕು. ಈಗಿನ ಎಷ್ಟೋ ಫೋನುಗಳು 4ಕೆ ವಿಡಿಯೋವನ್ನು ಎಚ್‌ಇವಿಸಿ ಎಂಬ ಅದುಮಿದ ರೂಪದಲ್ಲಿ ಬರೆಯುತ್ತವೆ. ಜಾಗ ಉಳಿಸಲು ಅದರಲ್ಲಿ ಪ್ರತಿ ಫ್ರೇಮನ್ನೂ ಪೂರ್ತಿ ಇಡುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಫ್ರೇಮ್, ನಡುವಿನವಕ್ಕೆ ‘ಏನು ಬದಲಾಯಿತು’ ಎಂಬ ಲೆಕ್ಕ ಮಾತ್ರ. ನೇರವಾಗಿ ಪ್ಲೇ ಮಾಡಿದರೆ ಕಷ್ಟವಿಲ್ಲ. ಎಡಿಟಿಂಗ್‌ನಲ್ಲಿ ಹಾಗಾಗುವುದಿಲ್ಲ ಅಲ್ವಾ? ಟೈಮ್‌ಲೈನ್‌ನಲ್ಲಿ ಹಿಂದಕ್ಕೆ ಎಳೆಯುತ್ತೀರಿ, ಮುಂದಕ್ಕೆ ಹಾರುತ್ತೀರಿ. ನೀವು ನಿಂತ ಜಾಗದ ಒಂದು ಫ್ರೇಮ್ ತೋರಿಸಲು ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮ್‌ಗೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಮೀಡಿಯಾ ಎಂಜಿನ್ ಇಲ್ಲದಿದ್ದರೆ ಇದೆಲ್ಲ ಸಿಪಿಯು, ಅಂದರೆ ಪ್ರೊಸೆಸರ್‌ನ ಸಾಮಾನ್ಯ ಲೆಕ್ಕ ಮಾಡುವ ಕೋರ್‌ಗಳ ತಲೆಗೆ ಬೀಳುತ್ತದೆ. ಫ್ಯಾನ್ ಜೋರಾಗುತ್ತದೆ, ಟೈಮ್‌ಲೈನ್ ಅಂಟಿಕೊಂಡಂತೆ ಆಡುತ್ತದೆ.

ಬೇಕಾದರೆ ಕಣ್ಣಾರೆ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ, ಎಡಗಡೆ ಕೆಳಗಿರುವ ಜಿಪಿಯು ಒತ್ತಿ. ‘3ಡಿ’ ಎಂಬ ಗ್ರಾಫ್ ಒಂದು, ‘ವಿಡಿಯೋ ಡೀಕೋಡ್’ ಎಂಬುದು ಇನ್ನೊಂದು. ಎಎಂಡಿಯಲ್ಲಿ ‘ವಿಡಿಯೋ ಕೋಡೆಕ್’ ಎಂದಿರಬಹುದು. ಈಗ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಫೋನಿನ 4ಕೆ ಕ್ಲಿಪ್ ಪ್ಲೇ ಮಾಡಿ. ಡೀಕೋಡ್ ಗ್ರಾಫ್ ಮೇಲೆದ್ದು ಸಿಪಿಯು ಆರಾಮಾಗಿದ್ದರೆ ಮೀಡಿಯಾ ಎಂಜಿನ್ ಕೆಲಸಕ್ಕೆ ಇಳಿದಿದೆ. ಡೀಕೋಡ್ ಸೊನ್ನೆಯಲ್ಲೇ ಮಲಗಿ ಸಿಪಿಯು ಒದ್ದಾಡುತ್ತಿದ್ದರೆ ಅದು ಆಫ್ ಇದೆ, ಅಥವಾ ಆ ಬಗೆಯ ಫೈಲ್ ಅದಕ್ಕೆ ಓದಲು ಬರುವುದಿಲ್ಲ. ಪ್ರೀಮಿಯರ್ ಪ್ರೊದಲ್ಲಾದರೆ ಪ್ರಿಫರೆನ್ಸಸ್‌ನ ಮೀಡಿಯಾ ಪುಟದಲ್ಲಿ ಹಾರ್ಡ್‌ವೇರ್ ಡೀಕೋಡಿಂಗ್‌ನ ಟಿಕ್ ಇದೆಯಾ ನೋಡಿಕೊಳ್ಳಿ.

ಮದುವೆ ಶೂಟಿಂಗ್ ಮಾಡುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ಸೋನಿ, ಕ್ಯಾನನ್‌ನ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 10-ಬಿಟ್ 4:2:2 ಎಂಬ ಆಯ್ಕೆ ಇರುತ್ತದೆ. ಫೋನಿನ ಸಾಮಾನ್ಯ 4:2:0 ವಿಡಿಯೋದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಬಣ್ಣದ ಮಾಹಿತಿ ಇದ್ದರೆ ಇದರಲ್ಲಿ ಎರಡಕ್ಕೆ ಒಂದು. ಕಲರ್ ಮಾಡಲು ಒಳ್ಳೆಯದು, ಓದಲು ಕಷ್ಟ. ಎನ್ವಿಡಿಯಾ ಕಾರ್ಡ್‌ಗಳಲ್ಲಿ 4:2:2 ಡೀಕೋಡ್ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಅದಕ್ಕೂ ಹಿಂದಿನ ಕಾರ್ಡ್‌ಗೆ ಎಷ್ಟೇ ದುಡ್ಡು ಸುರಿದಿದ್ದರೂ ಈ ಫೈಲನ್ನು ಅದು ಸಿಪಿಯುಗೇ ಬಿಡುತ್ತದೆ. ಆದರೆ 2022ರ ಆರಂಭದಲ್ಲಿ ಬಂದ ಸಾದಾ ಐ5-12400 ಒಳಗಿನ ಯುಎಚ್‌ಡಿ 730 ಎಂಬ ಐಜಿಪಿಯು, ಎಚ್‌ಇವಿಸಿ 10-ಬಿಟ್ 4:2:2 ಫೈಲನ್ನು ತಾನೇ ಓದುತ್ತದೆ. ಎಚ್.264 ಎಂಬ ಹಳೆಯ ರೂಪದಲ್ಲಿ ಬರೆದ 4:2:2 ಅದಕ್ಕೆ ಬರುವುದಿಲ್ಲ, ಹಾಗಾಗಿ ಕ್ಯಾಮೆರಾದಲ್ಲಿ ಎಚ್‌ಇವಿಸಿ ಆರಿಸಿಕೊಳ್ಳಿ. ಬಜೆಟ್ ಸ್ವಲ್ಪ ಹಿಗ್ಗಿದರೆ ಐ5-12500 ನೋಡಬಹುದು. ಅದರ ಯುಎಚ್‌ಡಿ 770ರಲ್ಲಿ ಇಂಥ ಮೀಡಿಯಾ ಎಂಜಿನ್ ಎರಡಿವೆ, 12400ರಲ್ಲಿ ಒಂದೇ.

ಇಲ್ಲಿಯೇ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಎಫ್ ಪ್ರೊಸೆಸರ್ ತೆಗೆದುಕೊಂಡು, ಚಿತ್ರ ಬರಲಿ ಅಂತ ಕೈಗೆ ಸಿಕ್ಕ ಅಗ್ಗದ ಕಾರ್ಡ್ ಹಾಕಿಸಿಕೊಳ್ಳುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ಹಳೆಯ ಜಿಟಿ 710, ಜಿಟಿ 730 ಕಾರ್ಡ್‌ಗಳು ಮಾರಾಟಕ್ಕೆ ಕಾಣಿಸುತ್ತವೆ. ಅವಕ್ಕೆ ಎಚ್‌ಇವಿಸಿ ಓದಲು ಬರುವುದೇ ಇಲ್ಲ. ಜಿಟಿ 1030 ಓದುತ್ತದೆ, ಆದರೆ ಅದರಲ್ಲಿ ಎನ್‌ಕೋಡರ್ ಇಲ್ಲ, ಎಕ್ಸ್‌ಪೋರ್ಟ್ ಹೊತ್ತಿಗೆ ನೆರವಾಗದು. 2022ರ ಆರ್‌ಎಕ್ಸ್ 6400 ಆಟಕ್ಕೆ ಪರವಾಗಿಲ್ಲ, ಆದರೆ ಎಎಂಡಿ ಅದರಲ್ಲೂ ಎನ್‌ಕೋಡರ್ ಬಿಟ್ಟಿದೆ. ಎಫ್ ಇಲ್ಲದ ಪ್ರೊಸೆಸರ್‌ಗೆ ಕೊಡುವ ಚೂರು ಹೆಚ್ಚಿನ ಹಣದಲ್ಲಿ ಇವೆಲ್ಲಕ್ಕಿಂತ ಒಳ್ಳೆಯ ಮೀಡಿಯಾ ಎಂಜಿನ್ ಸಿಗುತ್ತದೆ.

ಇನ್ನು ಆಟ. ಇಲ್ಲಿ ಎಎಂಡಿಯ ‘ಜಿ’ ಪ್ರೊಸೆಸರ್‌ಗಳು ಮುಂದು. ಎಎಂಡಿಯ ಹೆಸರುಗಳಲ್ಲಿ ಸ್ವಲ್ಪ ಹುಷಾರಾಗಿರಬೇಕು. ರೈಜೆನ್ 5 5600ರಲ್ಲಿ ಐಜಿಪಿಯು ಇಲ್ಲ, 5600ಜಿಯಲ್ಲಿ ಇದೆ. 7600ರಲ್ಲಿ ಇದೆ, ಆದರೆ ಅದು ಪರದೆಗೆ ಚಿತ್ರ ಕೊಡಲು, ವಿಡಿಯೋ ಓದಲು ಸಾಕಾಗುವಷ್ಟು ಚಿಕ್ಕದು, ಆಟಕ್ಕಲ್ಲ. 7500ಎಫ್‌ನಲ್ಲಿ ಇಲ್ಲವೇ ಇಲ್ಲ. 5600ಜಿ ಒಳಗಿನ ವೆಗಾ ಗ್ರಾಫಿಕ್ಸ್‌ನಲ್ಲಿ ವ್ಯಾಲರಂಟ್‌ನಂಥ ಹಗುರ ಆಟ ಲೋ ಸೆಟ್ಟಿಂಗ್‌ನಲ್ಲಿ ಸಲೀಸಾಗಿ ನಡೆಯುತ್ತದೆ. 2024ರ 8600ಜಿ ಇನ್ನೂ ಗಟ್ಟಿ, ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಮತ್ತು ಎಎಂ5 ಬೋರ್ಡ್ ಬೇಕು, ಒಟ್ಟು ಖರ್ಚು ಮೇಲಕ್ಕೆ ಹೋಗುತ್ತದೆ. ಎಡಿಟಿಂಗ್ ಮುಖ್ಯ, ಆಟ ಭಾನುವಾರದ ಮಟ್ಟಿಗೆ ಅನ್ನುವವರಿಗೆ ನಾನು ಎಫ್ ಇಲ್ಲದ ಇಂಟೆಲ್ ಹೇಳುತ್ತೇನೆ. ಎಡಿಟಿಂಗ್, ಆಟ ಎರಡೂ ಸಮಸಮ, ಕಾರ್ಡ್ ಸದ್ಯಕ್ಕಿಲ್ಲ ಎಂದಾದರೆ 5600ಜಿ. ಆದರೆ ಮುಂದೆ ಕಾರ್ಡ್ ಹಾಕಿದಾಗ 5600ಜಿ ಆಟದಲ್ಲಿ ಸಾದಾ 5600ಗಿಂತ ಹಿಂದೆ ಬೀಳುತ್ತದೆ. ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 5600ಜಿಯಲ್ಲಿ 16 ಎಂಬಿ, ಸಾದಾ 5600ರಲ್ಲಿ 32.

ಯಾವುದೇ ಐಜಿಪಿಯು ಇರಲಿ, ಅದನ್ನು ಬದುಕಿಸುವುದು ಅಥವಾ ಕೊಲ್ಲುವುದು ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್‌ಗೆ ಅದರದ್ದೇ ಮೆಮೊರಿ ಇರುತ್ತದೆ. ಉದಾಹರಣೆಗೆ ಆರ್‌ಎಕ್ಸ್ 6600ರ ಮೆಮೊರಿ ಸೆಕೆಂಡಿಗೆ 224 ಜಿಬಿ ಸಾಗಿಸುತ್ತದೆ. ಐಜಿಪಿಯುಗೆ ಸ್ವಂತದ್ದು ಏನೂ ಇಲ್ಲ, ಕಂಪ್ಯೂಟರ್‌ನ ರ‍್ಯಾಮನ್ನೇ ಸಿಪಿಯು ಜೊತೆ ಹಂಚಿಕೊಳ್ಳಬೇಕು. ಡಿಡಿಆರ್4-3200ರ ಒಂದೇ ಸ್ಟಿಕ್ ಹಾಕಿದರೆ ಸೆಕೆಂಡಿಗೆ ಸಿಗುವುದು 25.6 ಜಿಬಿ. ಎರಡು ಸ್ಟಿಕ್ ಹಾಕಿದರೆ 51.2. ಆಟದಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. 16 ಜಿಬಿಯ ಒಂದು ಸ್ಟಿಕ್ ಬದಲು 8 ಜಿಬಿಯ ಎರಡು ಕೇಳಿ. ‘ಮುಂದೆ ಇನ್ನೊಂದು ಹಾಕ್ಕೊಬಹುದು’ ಅಂತ ಅಂಗಡಿಯವರು ಒಂದನ್ನೇ ಕೊಡಲು ನೋಡುತ್ತಾರೆ, ಒಪ್ಪಬೇಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವಾಗ ಆ ‘ಮುಂದೆ’ ದುಬಾರಿ ಆಗಬಹುದು. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟದಲ್ಲಿ, ಎಕ್ಸ್‌ಎಂಪಿ ಆನ್ ಮಾಡಿಸಿಕೊಳ್ಳಿ, ಇಲ್ಲವಾದರೆ 3200ರ ರ‍್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲಿ ಓಡುತ್ತಿರಬಹುದು.

ಐಜಿಪಿಯು ಎಲ್ಲವನ್ನೂ ಮಾಡುವುದಿಲ್ಲ. ಡಾವಿಂಚಿ ರಿಸಾಲ್ವ್ ಬಣ್ಣದ ಕೆಲಸಕ್ಕೂ ಎಫೆಕ್ಟ್‌ಗಳಿಗೂ ಜಿಪಿಯು ಮೇಲೇ ಒರಗುವ ಸಾಫ್ಟ್‌ವೇರ್. ಅದರಲ್ಲಿ 4ಕೆ ಟೈಮ್‌ಲೈನ್ ಇಟ್ಟು ನಾಯ್ಸ್ ರಿಡಕ್ಷನ್‌ನಂಥ ಭಾರದ ಎಫೆಕ್ಟ್ ಹಾಕಿದರೆ ಜಿಪಿಯು ಮೆಮೊರಿ ತುಂಬಿದೆ ಎಂಬ ಸಂದೇಶ ಬರಬಹುದು. ಟೈಮ್‌ಲೈನನ್ನು 1080ಪಿಗೆ ಇಳಿಸಿ, ಪ್ರಾಕ್ಸಿ, ಅಂದರೆ ಕ್ಲಿಪ್‌ಗಳ ಹಗುರ ನಕಲು, ಮಾಡಿಕೊಂಡು ಕೆಲಸ ಮಾಡಬೇಕಾಗುತ್ತದೆ. ಕತ್ತರಿಸಿ ಜೋಡಿಸುವುದು, ಟೈಟಲ್, ಸ್ವಲ್ಪ ಬಣ್ಣ ಸರಿ ಮಾಡುವುದು, ಯೂಟ್ಯೂಬ್‌ಗೆ ಎಕ್ಸ್‌ಪೋರ್ಟ್, ಇಷ್ಟು ಪ್ರೀಮಿಯರ್‌ನಲ್ಲಾಗಲಿ ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಾಗಲಿ ನಡೆಯುತ್ತದೆ. ಹೊಸದಾಗಿ ಚಾನೆಲ್ ಶುರು ಮಾಡುವವರ ಕೆಲಸ ಬಹುಪಾಲು ಇಷ್ಟೇ ಇರುತ್ತದೆ.

ಮುಂದೆ ಕಾರ್ಡ್ ಹಾಕುವ ಯೋಚನೆ ಇದ್ದರೆ ಪವರ್ ಸಪ್ಲೈಯನ್ನು ಈಗಲೇ ಒಳ್ಳೆ ಕಂಪನಿಯ 550 ವ್ಯಾಟ್‌ನದು ತಗೊಳ್ಳಿ. ಕಾರ್ಡ್ ಬಂದ ದಿನ ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ನಿಂದ ತೆಗೆದು ಕಾರ್ಡ್‌ಗೆ ಹಾಕಬೇಕು, ಇಲ್ಲದಿದ್ದರೆ ಆಟಕ್ಕೆ ಅದರ ಪೂರ್ತಿ ವೇಗ ಸಿಗುವುದಿಲ್ಲ. ಇನ್ನೊಂದು ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಕಾರ್ಡ್ ಕಂಡ ಕೂಡಲೇ ಎಷ್ಟೋ ಬೋರ್ಡ್‌ಗಳು ಐಜಿಪಿಯುವನ್ನು ತಾವೇ ಆಫ್ ಮಾಡುತ್ತವೆ. ಬಯಾಸ್‌ನಲ್ಲಿ ‘ಇಂಟರ್ನಲ್ ಗ್ರಾಫಿಕ್ಸ್’ ಅಥವಾ ‘ಐಜಿಪಿಯು ಮಲ್ಟಿ-ಮಾನಿಟರ್’ ಎಂಬುದನ್ನು ಹುಡುಕಿ ಎನೇಬಲ್ ಮಾಡಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 0, ಜಿಪಿಯು 1 ಎಂದು ಎರಡೂ ಕಾಣಿಸುತ್ತವೆ. ಪ್ರೀಮಿಯರ್‌ನಂಥ ಸಾಫ್ಟ್‌ವೇರ್‌ನಲ್ಲಿ ಎಫೆಕ್ಟ್‌ಗಳನ್ನು ಕಾರ್ಡ್‌ಗೆ ಕೊಟ್ಟು, 4:2:2 ಕ್ಲಿಪ್ ಓದುವುದನ್ನು ಇಂಟೆಲ್ ಐಜಿಪಿಯುಗೇ ಬಿಡಬಹುದು.