ನೂರು ಮೀಟರ್ ಎತ್ತರದ ಪ್ರಾಣಿಯ ಒಂದು ಹೆಜ್ಜೆ

ದೈತ್ಯಪ್ರಾಣಿಯ ಹೊಸ ಚಿತ್ರವೊಂದು ತೆರೆಗೆ ಬಂದಾಗಲೆಲ್ಲ ಚಿತ್ರಮಂದಿರದ ಮೆಟ್ಟಿಲಿಳಿಯುವವರ ಬಾಯಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. "ಪ್ರಾಣಿಯನ್ನು ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಅದಕ್ಕೆ ತೂಕವೇ ಇಲ್ಲ" ಎನ್ನುವುದು ಒಂದು. "ಅಷ್ಟು ದೊಡ್ಡ ಪ್ರಾಣಿ ಇರುವುದಕ್ಕೇ ಸಾಧ್ಯವಿಲ್ಲ, ಇದನ್ನೆಲ್ಲ ಕೂತು ನೋಡುತ್ತಾರಲ್ಲ" ಎನ್ನುವುದು ಇನ್ನೊಂದು. ಮೊದಲನೆಯದು ಬರಿಯ ಅಭಿರುಚಿಯ ಮಾತೆಂದೂ ಎರಡನೆಯದು ವಿಜ್ಞಾನದ ಮಾತೆಂದೂ ಸಾಮಾನ್ಯವಾಗಿ ಎಣಿಸಲಾಗುತ್ತದೆ. ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ಎರಡನೆಯವರು ಹೇಳುವುದು ನಿಜವಾದರೂ ಅದು ಮುನ್ನೂರೈವತ್ತು ವರ್ಷಕ್ಕೂ ಹಳೆಯ ಸಂಗತಿ. ಚಿತ್ರವನ್ನು ನೋಡದೆಯೂ ಹೇಳಿಬಿಡಬಹುದು. ಮೊದಲನೆಯವರಾದರೋ ಕತ್ತಲಲ್ಲಿ ಕುಳಿತು, ಪೆನ್ನು ಕಾಗದ ಮುಟ್ಟದೆ, ಭೌತವಿಜ್ಞಾನದ ಒಂದು ಲೆಕ್ಕವನ್ನು ಮಾಡಿ ಮುಗಿಸಿರುತ್ತಾರೆ. ಮಾಡಿದ್ದು ಅವರಿಗೇ ಗೊತ್ತಿರುವುದಿಲ್ಲ.

2024ರಲ್ಲಿ ಬಂದ ಗಾಡ್ಜಿಲ್ಲಾ ಮತ್ತು ಕಾಂಗ್ ಚಿತ್ರದಲ್ಲಿ ಆ ಎರಡೂ ಪ್ರಾಣಿಗಳು ಅಕ್ಕಪಕ್ಕದಲ್ಲಿ ಓಡಿಬರುವ ದೃಶ್ಯವೊಂದಿದೆ. ನೂರು ಮೀಟರ್ ಆಸುಪಾಸಿನ ಎತ್ತರದ ಎರಡು ಜೀವಿಗಳು ಓಟಗಾರರನ್ನು ನೆನಪಿಸುವ ಚುರುಕಿನಿಂದ ಮುನ್ನುಗ್ಗುವ ಆ ತುಣುಕನ್ನು ಕೆಲವರು ಮೆಚ್ಚಿಕೊಂಡರು, ಕೆಲವರು ನಕ್ಕರು. ನಕ್ಕವರ ಕಣ್ಣಿಗೆ ಅಲ್ಲಿ ಕಂಡದ್ದಾದರೂ ಏನು? ಕಂಪ್ಯೂಟರಿನಲ್ಲಿ ಬಿಡಿಸಿದ ಪ್ರಾಣಿಗೆ ತೂಕವೆಂಬುದು ಇರುವುದೇ ಇಲ್ಲ. ಇದ್ದರೂ ತೂಕ ಕಣ್ಣಿಗೆ ಕಾಣುವ ವಸ್ತುವಲ್ಲ. ಕಣ್ಣಿಗೆ ಸಿಗುವುದು ಎರಡೇ: ಎಷ್ಟು ದೂರ ಸರಿಯಿತು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು. ಈ ಎರಡರಿಂದಲೇ ನಾವು ಗಾತ್ರವನ್ನೂ ಗಾತ್ರದಿಂದ ತೂಕವನ್ನೂ ಊಹಿಸುತ್ತೇವೆ, ಮತ್ತು ಆ ಊಹೆಗೆ ಅಳತೆಗೋಲಾಗಿ ನಿಲ್ಲುವುದು ಗುರುತ್ವ.

ಭೂಮಿಯ ಮೇಲೆ ಒಂದು ಮೀಟರ್ ಎತ್ತರದಿಂದ ಜಾರಿದ ವಸ್ತು ನೆಲ ಮುಟ್ಟಲು ಸುಮಾರು 0.45 ಸೆಕೆಂಡ್ ತೆಗೆದುಕೊಳ್ಳುತ್ತದೆ; ನೂರು ಮೀಟರ್ ಎತ್ತರದಿಂದ ಜಾರಿದ್ದು ಸುಮಾರು 4.5 ಸೆಕೆಂಡ್. ಎತ್ತರ ನೂರು ಪಟ್ಟಾದರೆ ಕಾಲ ಹತ್ತು ಪಟ್ಟು ಮಾತ್ರ. ಕಾಲವು ಎತ್ತರದ ವರ್ಗಮೂಲವನ್ನು ಹಿಂಬಾಲಿಸುತ್ತದೆ ಎಂಬ ಈ ಒಂದು ಸಾಲು ದೈತ್ಯಪ್ರಾಣಿ ಚಿತ್ರಗಳ ಅರ್ಧ ಗುಟ್ಟು. ಮೇಜಿನ ಮೇಲೆ ತುದಿಯೂರಿ ನಿಲ್ಲಿಸಿದ ಪೆನ್ಸಿಲ್ ಕೈಬಿಟ್ಟ ಕ್ಷಣವೇ ಉರುಳುತ್ತದೆ, ಬುಡ ಕಡಿದ ಮರ ಮಾತ್ರ ಓಡಿ ತಪ್ಪಿಸಿಕೊಳ್ಳುವಷ್ಟು ಪುರಸೊತ್ತು ಕೊಟ್ಟು ಬೀಳುತ್ತದೆ. ದಾರದ ತುದಿಗೆ ಕಟ್ಟಿದ ಬೀಗದ ಕೈಗೊಂಚಲು ಪಟಪಟನೆ ಅತ್ತಿತ್ತ ಆಡುತ್ತದೆ, ಎತ್ತರದ ಕೊಂಬೆಗೆ ಕಟ್ಟಿದ ಉಯ್ಯಾಲೆ ತೂಗಿ ತೂಗಿ ಬರುತ್ತದೆ. ಬಕೆಟ್ಟಿನ ನೀರಿನಲ್ಲಿ ಬಿಟ್ಟ ಆಟದ ದೋಣಿ ಗಡಗಡ ಅಲುಗಿದರೆ, ಸಮುದ್ರದ ಹಡಗು ಒಂದು ಬದಿಗೆ ವಾಲಿ, ಯೋಚಿಸಿದಂತೆ ನಿಂತು, ಮತ್ತೆ ಇನ್ನೊಂದು ಬದಿಗೆ ವಾಲುತ್ತದೆ. ಅಪ್ಪನ ಕೈ ಹಿಡಿದು ನಡೆಯುವ ಮಗು ಅವನ ಒಂದು ಹೆಜ್ಜೆಗೆ ಎರಡು ಹೆಜ್ಜೆ ಹಾಕುತ್ತದೆ. ಮರ, ಉಯ್ಯಾಲೆ, ಹಡಗು, ಅಪ್ಪ ಎಲ್ಲರೂ ಪಾಲಿಸುತ್ತಿರುವುದು ಒಂದೇ ವರ್ಗಮೂಲವನ್ನು. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು 2 ಸೆಕೆಂಡ್ ಬೇಕು, 25 ಮೀಟರ್ ಉದ್ದದ್ದಕ್ಕೆ 10 ಸೆಕೆಂಡ್. ನಡೆಯುವಾಗ ನಮ್ಮ ಕಾಲೂ ಸೊಂಟಕ್ಕೆ ತೂಗುಹಾಕಿದ ಒಂದು ಬಗೆಯ ಲೋಲಕವೇ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. ದೈತ್ಯಪ್ರಾಣಿ ನಿಧಾನವಾಗಿ ಚಲಿಸುವುದು ಅದು ಭಾರವಾಗಿರುವುದರಿಂದ ಎಂದು ಬಹುತೇಕ ಎಲ್ಲರೂ, ಕೆಲವೊಮ್ಮೆ ಚಿತ್ರ ವಿಮರ್ಶಕರೂ ಹೇಳುತ್ತಾರೆ. ಗಾಳಿಯ ತಡೆಯನ್ನು ಬದಿಗಿಟ್ಟರೆ ಭಾರವಾದದ್ದೂ ಹಗುರವಾದದ್ದೂ ಒಂದೇ ವೇಗದಲ್ಲಿ ಬೀಳುತ್ತವೆ ಎಂಬುದನ್ನು ಗೆಲಿಲಿಯೋ ಕಾಲದಿಂದ ಶಾಲೆಯಲ್ಲಿ ಕಲಿತು, ಪರೀಕ್ಷೆಯಲ್ಲಿ ಬರೆದು, ಚಿತ್ರಮಂದಿರದ ಬಾಗಿಲಲ್ಲಿ ಮರೆಯುತ್ತೇವೆ. ಪ್ರಾಣಿ ನಿಧಾನವಾಗಿ ಕಾಣುವುದಕ್ಕೆ ಕಾರಣ ಭಾರವಲ್ಲ, ದೂರ. ಅದರ ಕಾಲು ಸಾಗಬೇಕಾದ, ಅದರ ತೋಳು ಇಳಿಯಬೇಕಾದ ದೂರ ನಮ್ಮದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಗುರುತ್ವ ಮಾತ್ರ ಅದೇ.

ನಿಜಕ್ಕಾದರೆ ಅದು ನಿಧಾನವೂ ಅಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್, ಹಡಗುಗಳ ಪುಟ್ಟ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು, ಮಾದರಿಯ ವೇಗ ಮತ್ತು ನಿಜವಾದ ಹಡಗಿನ ವೇಗ ಇವುಗಳ ನಡುವಿನ ಸಂಬಂಧವನ್ನು ಕಂಡುಕೊಂಡ. ಅಲ್ಲಿಯೂ ಉದ್ದದ ವರ್ಗಮೂಲವೇ ಎದುರಾಯಿತು. ಸುಮಾರು ನೂರು ವರ್ಷಗಳ ನಂತರ, 1976ರಲ್ಲಿ, ಪ್ರಾಣಿಶಾಸ್ತ್ರಜ್ಞ ಮೆಕ್‌ನೀಲ್ ಅಲೆಕ್ಸಾಂಡರ್ ಅದೇ ಸೂತ್ರವನ್ನು ಹಡಗಿನಿಂದ ಕಾಲಿಗೆ ವರ್ಗಾಯಿಸಿ, ಕಲ್ಲಿನಲ್ಲಿ ಉಳಿದ ಹೆಜ್ಜೆಗುರುತುಗಳಿಂದ ಡೈನೋಸಾರುಗಳ ವೇಗವನ್ನು ಅಂದಾಜು ಮಾಡಿದರು. ಹಡಗಿನ ಲೆಕ್ಕ ಡೈನೋಸಾರಿಗೆ ಒದಗಿ ಬಂದ ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಒಂದು ಬಗೆಯ ಖುಷಿಯಾಗುತ್ತದೆ. ನಡಿಗೆ ಬಿಟ್ಟು ಓಟಕ್ಕೆ ತೊಡಗುವ ಹಂತ ಬೇರೆ ಬೇರೆ ಗಾತ್ರದ ಪ್ರಾಣಿಗಳಲ್ಲಿ ಫ್ರೌಡ್ ಸಂಖ್ಯೆಯ (ವೇಗದ ವರ್ಗವನ್ನು ಕಾಲಿನ ಉದ್ದ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯ) ಒಂದೇ ಮೌಲ್ಯದ ಹತ್ತಿರ, ಸುಮಾರು 0.5ರಲ್ಲಿ ಬರುತ್ತದೆ. 0.9 ಮೀಟರ್ ಕಾಲಿನ ಮನುಷ್ಯನಿಗೆ ಇದು ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ. ಮನುಷ್ಯನ ಆಕಾರದ, ನೂರು ಮೀಟರ್ ಎತ್ತರದ, 50 ಮೀಟರ್ ಕಾಲಿನ ಪ್ರಾಣಿಗೆ ಅದೇ ಲೆಕ್ಕ ಹಾಕಿದರೆ ಗಂಟೆಗೆ 56 ಕಿಲೋಮೀಟರ್ ಬರುತ್ತದೆ. ಅಂದರೆ ಅದು ಇನ್ನೂ ಓಡುತ್ತಿಲ್ಲ, ಬಿರುಸಾಗಿ ನಡೆಯುತ್ತಿದೆ ಅಷ್ಟೆ. ಅಷ್ಟರಲ್ಲೇ ಮನುಷ್ಯರಲ್ಲಿ ಅತ್ಯಂತ ವೇಗದ ಓಟಗಾರನೂ ಹಿಂದೆ ಬಿದ್ದಿರುತ್ತಾನೆ. ಆದರೆ ನಾವು ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ ಹಾಕುವ ಕಡೆ ಅದು ಮೂರೂವರೆ ಸೆಕೆಂಡಿಗೂ ಹೆಚ್ಚು ಹೊತ್ತು ತೆಗೆದುಕೊಂಡು 50 ಮೀಟರಿಗೂ ಮಿಕ್ಕ ಒಂದು ಹೆಜ್ಜೆ ಇಡುತ್ತದೆ. ವೇಗ ಹೆಚ್ಚು, ಲಯ ನಿಧಾನ. ಎರಡನ್ನೂ ಒಟ್ಟಿಗೆ ತೋರಿಸಿದ ಚಿತ್ರದಲ್ಲಿ ಪ್ರೇಕ್ಷಕರು ಕುರ್ಚಿಯ ಕೈ ಹಿಡಿದುಕೊಳ್ಳುತ್ತಾರೆ. ಪ್ರಾಣಿಯನ್ನು ದೊಡ್ಡದು ಮಾಡಿ ಲಯವನ್ನು ಮನುಷ್ಯನದೇ ಉಳಿಸಿದ ಚಿತ್ರದಲ್ಲಿ "ತೂಕವಿಲ್ಲ" ಎನ್ನುತ್ತಾರೆ.

ಈ ಲೆಕ್ಕವನ್ನು ಚಿತ್ರರಂಗದವರು ಕಂಪ್ಯೂಟರಿಗಿಂತ ಬಹಳ ಮೊದಲೇ ಕೈಯಾರೆ ಕಲಿತಿದ್ದರು. 1954ರ ನವೆಂಬರ್ 3ರಂದು ಜಪಾನಿನಲ್ಲಿ ಬಿಡುಗಡೆಯಾದ ಮೊದಲ ಗಾಡ್ಜಿಲ್ಲಾ ಚಿತ್ರದಲ್ಲಿ ಪ್ರಾಣಿಯ ಎತ್ತರ 50 ಮೀಟರ್ ಎಂದು ನಿಗದಿಯಾಗಿತ್ತು. ಆ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣಧೂಳು ಜಪಾನಿನ ಮೀನುಗಾರಿಕೆಯ ಹಡಗೊಂದರ 23 ಮಂದಿಯ ಮೇಲೆ ಬಿದ್ದು, ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಆ ಚಿತ್ರವನ್ನು ಅಂದಿನ ಪ್ರೇಕ್ಷಕರು ನೋಡಿದ್ದು ಈ ನೆನಪಿನೊಂದಿಗೆ ಎಂಬುದನ್ನು ಹೇಳದೆ ಅದರ ಯಂತ್ರತಂತ್ರವನ್ನಷ್ಟೇ ಹೇಳುವುದು ಸರಿಯಲ್ಲ. ತಂತ್ರದ ಹೊಣೆ ಹೊತ್ತವರು ಎಯಿಜಿ ತ್ಸುಬುರಾಯ. ಸುಮಾರು ನೂರು ಕಿಲೋ ತೂಗುತ್ತಿದ್ದ ರಬ್ಬರಿನ ಪ್ರಾಣಿವೇಷದೊಳಗೆ ಹೊಕ್ಕು ನಡೆದವರು ಹರುವೊ ನಕಜಿಮಾ. ನಕಜಿಮಾ ನಡಿಗೆ ಕಲಿಯಲು ಮೃಗಾಲಯಕ್ಕೆ ಹೋಗಿ ಆನೆ ಕರಡಿಗಳು ಕಾಲೆತ್ತಿಡುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಅವರ ಸುತ್ತ ಕಟ್ಟಿದ ಪುಟ್ಟ ನಗರ ನಿಜದ 25ನೇ ಒಂದು ಪಾಲು. 25ರ ವರ್ಗಮೂಲ 5. ಆದ್ದರಿಂದ ಸೆಕೆಂಡಿಗೆ 24 ಫ್ರೇಮಿನಂತೆ ತೋರಿಸಬೇಕಾದ ದೃಶ್ಯವನ್ನು ನಿಯಮದ ಪ್ರಕಾರ 120 ಫ್ರೇಮಿನಂತೆ ಚಿತ್ರೀಕರಿಸಬೇಕು; ಆಗ ಎರಡು ಮೀಟರಿನ ಗೊಂಬೆಮನೆ ಕುಸಿಯುವ ಹೊತ್ತು ಐವತ್ತು ಮೀಟರಿನ ಕಟ್ಟಡ ಕುಸಿಯುವ ಹೊತ್ತಿಗೆ ಸಮನಾಗುತ್ತದೆ. ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ತೆರೆಯ ಮೇಲೆ ನಿಧಾನವಾಗಿ ಬಿಚ್ಚುವ ಈ ಉಪಾಯದಿಂದ ನೂರು ಕಿಲೋ ರಬ್ಬರು ಸಾವಿರಾರು ಟನ್ನಿನ ಮಾಂಸಖಂಡವಾಯಿತು.

ಒಂದು ವಸ್ತು ಮಾತ್ರ ಈ ಉಪಾಯಕ್ಕೆ ಎಂದೂ ಬಗ್ಗಲಿಲ್ಲ, ಅದು ನೀರು. ಹಳೆಯ ಚಿತ್ರಗಳಲ್ಲಿ ಪ್ರಾಣಿ ಸಮುದ್ರದಿಂದ ಮೇಲೇಳುವ ದೃಶ್ಯವನ್ನು ನಿಲ್ಲಿಸಿ, ಅದರ ಗಲ್ಲದ ತುದಿಯನ್ನು ನೋಡಿ: ಅಲ್ಲಿ ನೇತಾಡುವ ಹನಿ ನಿಮ್ಮ ಸ್ನಾನದ ಕೋಣೆಯ ನಲ್ಲಿಯಲ್ಲಿ ನೇತಾಡುವ ಹನಿಯೇ. ಹನಿಯ ಗಾತ್ರವನ್ನು ನಿರ್ಧರಿಸುವುದು ನೀರಿನ ಮೇಲ್ಮೈ ಸೆಳೆತ; ಸುತ್ತ ಎಷ್ಟೇ ಚಿಕ್ಕ ನಗರ ಕಟ್ಟಿದರೂ ಹನಿ ಚಿಕ್ಕದಾಗುವುದಿಲ್ಲ. 25ನೇ ಒಂದು ಪಾಲಿನ ಜಗತ್ತಿನಲ್ಲಿ 5 ಮಿಲಿಮೀಟರಿನ ಹನಿ ಹನ್ನೆರಡೂವರೆ ಸೆಂಟಿಮೀಟರಿನ ಗುಂಡಾಗಿ ಕಾಣುತ್ತದೆ, ಅಂಥ ಹನಿ ಭೂಮಿಯ ಮೇಲೆ ಎಲ್ಲಿಯೂ ಬೀಳುವುದಿಲ್ಲ. ನಿಜವಾಗಿ ನೂರು ಮೀಟರ್ ಎತ್ತರದಿಂದ ಸುರಿಯುವ ನೀರು ದಾರಿಯಲ್ಲೇ ಒಡೆದು, ಜಲಪಾತದ ಬುಡದಲ್ಲಿ ಕಾಣುವಂತೆ ಹೊಗೆಯಾಗಿ ಹರಡಬೇಕು. 2023ರ ಜಪಾನಿ ಚಿತ್ರ "ಗಾಡ್ಜಿಲ್ಲಾ ಮೈನಸ್ ಒನ್" ಸಮುದ್ರದ ದೃಶ್ಯಗಳಲ್ಲಿಯೇ ಬೆಚ್ಚಿಬೀಳಿಸಿತು. 35 ಮಂದಿಯ ಪುಟ್ಟ ತಂಡ ಮಾಡಿದ ಆ ಕೆಲಸಕ್ಕೆ ಮರುವರ್ಷ ಆಸ್ಕರ್ ಬಂತು.

ಪ್ರೇಕ್ಷಕರಿಗೆ ಈ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಬಹುದು. 1998ರಲ್ಲಿ ಬಾಹ್ಯಾಕಾಶ ನೌಕೆಯೊಂದರಲ್ಲಿ ನ್ಯೂರೋಲ್ಯಾಬ್ ಎಂಬ ಹೆಸರಿನಲ್ಲಿ ನಡೆದ ಪ್ರಯೋಗಗಳ ಪೈಕಿ ಒಂದರಲ್ಲಿ, ಗಗನಯಾತ್ರಿಗಳ ತಲೆಯ ಮೇಲಿಂದ ಚೆಂಡೊಂದನ್ನು ಅವರ ಕೈಯತ್ತ ಚಿಮ್ಮಿಸಲಾಯಿತು. ತೂಕವಿಲ್ಲದ ಆ ಸ್ಥಿತಿಯಲ್ಲಿ ಚೆಂಡು ವೇಗ ಹೆಚ್ಚಿಸಿಕೊಳ್ಳದೆ ಒಂದೇ ಸಮನೆ ಬರುತ್ತದೆ. ಆದರೂ ಅವರ ತೋಳಿನ ಸ್ನಾಯುಗಳು ಬೇಕಾದುದಕ್ಕಿಂತ ಮೊದಲೇ ಬಿಗಿದುಕೊಂಡವು. ಚೆಂಡು ಭೂಮಿಯ ಮೇಲಿನಂತೆ ವೇಗ ಪಡೆಯುತ್ತ ಬೀಳುತ್ತದೆ ಎಂದು ಮೆದುಳು ನಿರೀಕ್ಷಿಸುತ್ತಿತ್ತು. ಕಣ್ಣು ಬೇರೆಯದನ್ನೇ ಕಾಣುತ್ತಿದ್ದರೂ, ದಿನಗಳು ಕಳೆದರೂ, ಆ ನಿರೀಕ್ಷೆ ಪೂರ್ತಿಯಾಗಿ ಹೋಗಲಿಲ್ಲ. ಗುರುತ್ವವು ನಮ್ಮ ಮೆದುಳಿನಲ್ಲಿ ಅಷ್ಟು ಆಳವಾಗಿ ಅಚ್ಚೊತ್ತಿದೆ. ಹೀಗಿರುವಾಗ ತೆರೆಯ ಮೇಲಿನ ತೋಳೊಂದು ಬೀಳಬೇಕಾದ ಹೊತ್ತಿಗಿಂತ ಬೇಗ ಬಿದ್ದರೆ ಮೆದುಳು ಸುಮ್ಮನಿರುವುದುಂಟೇ? ಪ್ರಾಣಿ ಅಷ್ಟು ದೊಡ್ಡದಲ್ಲ ಎಂಬ ತೀರ್ಪು ಕೊಟ್ಟುಬಿಡುತ್ತದೆ. ನಮ್ಮ ನಾಲಗೆ ಅದನ್ನು "ತೂಕವಿಲ್ಲ" ಎಂದು ಭಾಷಾಂತರಿಸುತ್ತದೆ.

ಇನ್ನು "ಇರುವುದಕ್ಕೇ ಸಾಧ್ಯವಿಲ್ಲ" ಎನ್ನುವವರ ವಿಷಯ. 1.8 ಮೀಟರಿನ ಮನುಷ್ಯನನ್ನು ನೂರು ಮೀಟರಿಗೆ ಹಿಗ್ಗಿಸಿದರೆ ಅವನ ತೂಕ ಉದ್ದದ ಘನದಂತೆ, ಮೂಳೆಯ ಬಲ ಅದರ ಅಡ್ಡಕೊಯ್ತದಂತೆ, ಅಂದರೆ ಉದ್ದದ ವರ್ಗದಂತೆ ಬೆಳೆಯುವುದರಿಂದ, ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 55 ಪಟ್ಟು ಒತ್ತಡ ಬೀಳುತ್ತದೆ. ಮೊದಲ ಹೆಜ್ಜೆಗೇ ಕಾಲು ಪುಡಿ. ಗೆಲಿಲಿಯೋ 1638ರಲ್ಲೇ ಇದನ್ನು ವಿವರಿಸಿ, ಒಂದು ಮೂಳೆಯನ್ನೂ ಅದರ ಮೂರು ಪಟ್ಟು ಉದ್ದದ, ಅದೇ ಕೆಲಸ ಮಾಡಬಲ್ಲ ಇನ್ನೊಂದು ಮೂಳೆಯನ್ನೂ ಪಕ್ಕಪಕ್ಕದಲ್ಲಿ ಬಿಡಿಸಿ ತೋರಿಸಿದ್ದಾನೆ. ದೊಡ್ಡದು ಮೂಳೆಯಂತೆ ಕಾಣದೆ ವಿಕಾರವಾದ ದಿಮ್ಮಿಯಂತೆ ಕಾಣುತ್ತದೆ. ಈ ಚಿತ್ರವನ್ನು ಒಮ್ಮೆ ನೋಡಿದವರು, ಮಣ್ಣಿನಡಿ ಸಿಕ್ಕ ದೈತ್ಯಮಾನವನ ಅಸ್ಥಿಪಂಜರ ಎಂದು ಇಪ್ಪತ್ತು ವರ್ಷಗಳಿಂದ ಹರಿದಾಡುತ್ತಿರುವ ಫೋಟೋವನ್ನು ನಂಬುವುದು ಕಷ್ಟ. 2002ರಲ್ಲಿ ಫೋಟೋ ತಿದ್ದುವ ಸ್ಪರ್ಧೆಯೊಂದಕ್ಕಾಗಿ ತಯಾರಾದ ಆ ಚಿತ್ರಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಪುರಾಣದ ಹೆಸರು ಅಂಟಿಕೊಂಡಿತು, ನಮ್ಮಲ್ಲಿ ಘಟೋತ್ಕಚನದು. ಅದರಲ್ಲಿ ತಲೆಬುರುಡೆ, ಪಕ್ಕೆಲುಬು, ತೋಳಿನ ಮೂಳೆ ಎಲ್ಲವೂ ನಮ್ಮ ನಿಮ್ಮ ಪ್ರಮಾಣದಲ್ಲೇ ಇವೆ. ಸುಳ್ಳಿಗೆ ಅಷ್ಟೇ ಸಾಕ್ಷಿ ಸಾಕು. ಚಿತ್ರಮಂದಿರದಲ್ಲಿ "ಇದು ಅಸಾಧ್ಯ" ಎಂದು ಮೂಗು ಮುರಿದವರೇ ಮನೆಗೆ ಬಂದು ಆ ಫೋಟೋವನ್ನು ಬಳಗಕ್ಕೆಲ್ಲ ಕಳುಹಿಸುವುದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಸಿಟ್ಟು.

ಅಸಾಧ್ಯವೆಂಬುದು ಒಪ್ಪಿತ, ಒಪ್ಪಿಕೊಂಡ ಮೇಲೆ ಲೆಕ್ಕ ಇನ್ನೂ ಸೊಗಸಾಗುತ್ತದೆ. ಕಾಲ್ಬೆರಳು ಮಂಚದ ಕಾಲಿಗೆ ತಾಗಿದಾಗ ಮೊದಲು ಚುರುಕ್ಕೆನ್ನುವ ನೋವು, ಒಂದು ಕ್ಷಣದ ಬಳಿಕ ಮಂದವಾಗಿ ಉರಿಯುವ ನೋವು ಬರುತ್ತದಲ್ಲ, ಅವೆರಡೂ ಬೇರೆ ಬೇರೆ ನರಗಳಲ್ಲಿ ಪಯಣಿಸುತ್ತವೆ. ಮಂದನೋವಿನ ನರಗಳಲ್ಲಿ ಸಂಕೇತದ ವೇಗ ಸೆಕೆಂಡಿಗೆ ಒಂದು ಮೀಟರಿನಷ್ಟು. ನೂರು ಮೀಟರಿನ ಪ್ರಾಣಿಯ ಪಾದಕ್ಕೆ ಕ್ಷಿಪಣಿ ಬಡಿದರೆ, ಉರಿ ತಲೆಗೇರುವಷ್ಟರಲ್ಲಿ ಒಂದೂವರೆ ನಿಮಿಷ ಕಳೆದಿರುತ್ತದೆ. ಅತಿ ವೇಗದ ನರಗಳೂ ಸೆಕೆಂಡಿಗೆ ನೂರಿಪ್ಪತ್ತು ಮೀಟರಿನ ಆಸುಪಾಸಿನವೇ ಆದ್ದರಿಂದ, ಸುದ್ದಿ ಮೇಲೆ ಹೋಗಿ ಆಜ್ಞೆ ಕೆಳಗೆ ಬರಲು ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ಪ್ರಾಣಿ ಪೆಟ್ಟು ತಿಂದ ಮೇಲೆ ತಡವಾಗಿ ತಿರುಗಿ ನೋಡುವ ದೃಶ್ಯಕ್ಕೆ ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಸುಮ್ಮನೆ ಅಲ್ಲ.

ಮುಂದಿನ ಸಲ ಅಂಥ ಚಿತ್ರ ಬಂದಾಗ ಪ್ರಾಣಿಯ ಮುಖವನ್ನು ಬಿಟ್ಟು, ಅದರ ಭುಜ ತಾಗಿ ಕಟ್ಟಡದಿಂದ ಕಳಚುವ ಕಾಂಕ್ರೀಟಿನ ತುಂಡೊಂದರ ಮೇಲೆ ಕಣ್ಣಿಡಿ. ಕಳಚಿದ ಕ್ಷಣದಿಂದ ನೆಲ ಮುಟ್ಟುವವರೆಗೆ ಮನಸ್ಸಿನಲ್ಲೇ ಸೆಕೆಂಡು ಎಣಿಸಿ. ನಾಲ್ಕು ದಾಟಿದರೆ ಕೆಲಸ ಮಾಡಿದವರಿಗೆ ಲೆಕ್ಕ ಗೊತ್ತಿದೆ. ಎರಡಕ್ಕೇ ಬಿದ್ದರೆ, ಜಾಹೀರಾತಿನಲ್ಲಿ ಎಷ್ಟೇ ಎತ್ತರ ಹೇಳಿಕೊಂಡಿರಲಿ, ಆ ಪ್ರಾಣಿಯ ಭುಜ ಇರುವುದು ಇಪ್ಪತ್ತು ಮೀಟರ್ ಎತ್ತರದಲ್ಲಿ.